ಕಲ್ಲಿನ ಸಂದಿಗೆ ಎಂಥ ಲೂರ್?

ಫ್ರಾನ್ಸಿನಲ್ಲಿ ದೊಲೊಮ್ಯೂ ಅಂತ ಒಬ್ಬ ಭೂವಿಜ್ಞಾನಿ ಇದ್ದ. ಡಾಲೊಮೈಟ್ ಕಲ್ಲಿಗೆ ಆ ಹೆಸರು ಬಂದಿದ್ದು ಅವನಿಂದಲೇ. 1801ರಲ್ಲಿ ಅವನು ತೀರಿಕೊಂಡ. 1802ರಲ್ಲಿ ಅವನ ಗೆಳೆಯ, ಪ್ರಾಣಿವಿಜ್ಞಾನಿ ಲಾಸೆಪೇಡ್, ಉತ್ತರ ಅಮೆರಿಕದ ಒಂದು ಸಿಹಿನೀರಿನ ಮೀನಿಗೆ ಮೈಕ್ರಾಪ್ಟೆರಸ್ ದೊಲೊಮ್ಯೂ ಎಂದು ಹೆಸರಿಟ್ಟ. ಮೈಕ್ರಾಪ್ಟೆರಸ್ ಅಂದರೆ ಚಿಕ್ಕ ರೆಕ್ಕೆಯದು. ತಮಾಷೆ ಏನೆಂದರೆ ಆ ಮೀನಿಗೆ ಚಿಕ್ಕ ರೆಕ್ಕೆಯೇನೂ ಇಲ್ಲ. ಅವನ ಕೈಗೆ ಸಿಕ್ಕ ಮೀನಿನ ಬೆನ್ನಿನ ರೆಕ್ಕೆ ಹರಿದಿತ್ತು, ಅಷ್ಟೇ. ಹರಿದ ರೆಕ್ಕೆಯ ಹೆಸರು ಇಡೀ ಕುಲಕ್ಕೆ ಅಂಟಿಕೊಂಡಿತು.

ಆ ಮೀನೇ ಸ್ಮಾಲ್‌ಮೌತ್ ಬಾಸ್. ಅಮೆರಿಕ ಮತ್ತು ಕೆನಡಾದ ನಡುವಿನ ಈರಿ ಸರೋವರದ ಪಶ್ಚಿಮ ತುದಿಯಲ್ಲಿ ಸೌತ್ ಬಾಸ್, ಮಿಡ್ಲ್ ಬಾಸ್, ನಾರ್ತ್ ಬಾಸ್ ಎಂಬ ಮೂರು ದ್ವೀಪಗಳಿವೆ. ಅವುಗಳ ಬುಡದಲ್ಲಿರುವುದು ಡಾಲೊಮೈಟ್ ಬಂಡೆ. ಅಂದರೆ ದೊಲೊಮ್ಯೂ ಹೆಸರಿನ ಮೀನು ಅಲ್ಲಿ ದೊಲೊಮ್ಯೂ ಹೆಸರಿನ ಕಲ್ಲಿನ ಮೇಲೆ ಈಜುತ್ತದೆ. ಹೆಸರು ಕೂಡಿಬಂದಿದ್ದು ಆಕಸ್ಮಿಕ. ಮೀನು ಕಲ್ಲನ್ನು ಹುಡುಕಿಕೊಂಡು ಬರುವುದು ಮಾತ್ರ ಆಕಸ್ಮಿಕವಲ್ಲ. ಅಲ್ಲಿ ಅದರ ಊಟ ಇದೆ.

ಎರೆಹುಳು ಸಿಕ್ಕಿಸಿ ಹೊಳೆದಂಡೆಯಲ್ಲಿ ಕೂತು ಗಾಳ ಕಲಿತವನು ನಾನು. ಈರಿಯ ಕಡೆಯವರು ಜೀವಂತ ಎರೆಗಿಂತ ಲೂರ್ ಬಳಸುವುದೇ ಜಾಸ್ತಿ. ಲೂರ್ ಅಂದರೆ ಪ್ಲಾಸ್ಟಿಕ್ಕಿನಲ್ಲೋ ಮರದಲ್ಲೋ ಲೋಹದಲ್ಲೋ ಮಾಡಿದ ನಕಲಿ ಎರೆ. ಈರಿಯಲ್ಲಿ ಮೊದಲ ಸಲ ಗಾಳ ಎಸೆದ ಬೆಳಗ್ಗೆ ಏಳು ಲೂರ್‌ಗಳನ್ನು ಕಲ್ಲಿಗೆ ಕೊಟ್ಟು ಬಂದೆ. ಮೀನು ಒಂದೂ ಇಲ್ಲ. ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ಬಣ್ಣ ಆರಿಸಿದ್ದೆ. ಕಲ್ಲಿನ ಹತ್ತಿರ ಬಣ್ಣ ಮೂರನೇ ಪ್ರಶ್ನೆ ಅಂತ ಆಮೇಲೆ ತಿಳಿಯಿತು. ಮೊದಲನೆಯದು, ಸಂದಿಯಲ್ಲಿರುವ ಪ್ರಾಣಿ ಹೇಗೆ ಓಡಾಡುತ್ತದೆ? ಎರಡನೆಯದು, ಸಂದಿಗೆ ಬಿದ್ದ ಲೂರ್ ವಾಪಸ್ ಬರುತ್ತದಾ?

ಸಂದಿಯಲ್ಲಿ ಇರುವುದು ಕ್ರೇಫಿಶ್. ನಮ್ಮ ಹೊಳೆಗಳಲ್ಲಿ ಇದು ಇಲ್ಲ. ಸಿಗಡಿಯ ಮೈಗೆ ಏಡಿಯ ಮುಂಗಾಲು ಜೋಡಿಸಿದ ಹಾಗೆ ಊಹಿಸಿಕೊಳ್ಳಿ. ಹಗಲು ಕಲ್ಲಿನಡಿ ಇರುತ್ತದೆ, ಕತ್ತಲಾದ ಮೇಲೆ ಹೊರಬರುತ್ತದೆ. ನಡೆಯುವಾಗ ನಿಧಾನ. ಹೆದರಿದಾಗ ಬಾಲವನ್ನು ಹೊಟ್ಟೆಯಡಿಗೆ ಪಟ್ಟನೆ ಮಡಿಸಿ ಹಿಂದಕ್ಕೆ ಚಿಮ್ಮುತ್ತದೆ. ಓಡಲು ದಾರಿ ಇಲ್ಲದಿದ್ದರೆ ಇಕ್ಕಳದಂಥ ಮುಂಗಾಲು ಎತ್ತಿ ಎದುರು ನಿಲ್ಲುತ್ತದೆ.

1970ರ ದಶಕದಲ್ಲಿ ರಾಯ್ ಸ್ಟೈನ್ ಎಂಬ ಜೀವವಿಜ್ಞಾನಿ ಬಾಸ್ ಮತ್ತು ಕ್ರೇಫಿಶ್ ನಡುವಿನ ಈ ಆಟವನ್ನು ಕೂತು ನೋಡಿದರು. ಬಾಸ್ ಹತ್ತಿರ ಇದ್ದಾಗ ಕ್ರೇಫಿಶ್‌ಗಳು ಓಡಾಟ ಕಡಿಮೆ ಮಾಡಿ ಕಲ್ಲುಗಳ ನಡುವೆ ಅಡಗಿದವು. ಬಾಸ್ ಕೂಡ ಸಿಕ್ಕಿದ್ದನ್ನೆಲ್ಲ ತಿನ್ನಲಿಲ್ಲ. ದೊಡ್ಡ ಇಕ್ಕಳದ ಗಂಡುಗಳನ್ನು ಬಿಟ್ಟು ಚಿಕ್ಕವನ್ನು, ಹೊಸದಾಗಿ ಪೊರೆ ಬಿಟ್ಟು ಮೈ ಮೆತ್ತಗಿದ್ದವನ್ನು ಆರಿಸಿಕೊಂಡಿತು. ದೊಡ್ಡ ಇಕ್ಕಳದವನ ಜೊತೆ ಗುದ್ದಾಡುವ ಹೊತ್ತಿಗೆ ಎರಡು ಚಿಕ್ಕವನ್ನು ನುಂಗಬಹುದು, ಅಲ್ವಾ?

ಇದನ್ನು ಓದಿ ನಾನು ನನ್ನ ಪ್ಲಾಸ್ಟಿಕ್ ಕ್ರೇಫಿಶ್‌ಗಳನ್ನು ಮತ್ತೆ ನೋಡಿದೆ. ಎಲ್ಲವಕ್ಕೂ ಪೈಲ್ವಾನನ ತೋಳಿನಂಥ ಇಕ್ಕಳ! ಮಾಡಿದವರು ಮೀನಿಗಿಂತ ನನ್ನ ಕಣ್ಣನ್ನೇ ನೆನೆದು ಮಾಡಿದ್ದಾರೆ ಅನಿಸಿತು. ಈಗ ಬೆರಳಿನಷ್ಟು ಉದ್ದದ, ಸಪೂರ ಇಕ್ಕಳದ ಲೂರ್ ಆರಿಸುತ್ತೇನೆ. ಇಕ್ಕಳ ದಪ್ಪ ಇದ್ದರೆ ಅರ್ಧ ಕಿತ್ತು ಹಾಕುತ್ತೇನೆ. ಎಸೆದ ಮೇಲೆ ಎಳೆಯುವುದಕ್ಕಿಂತ ಸುಮ್ನೆ ಬಿಡುವುದೇ ಹೆಚ್ಚು. ಒಂದು ಅಡಿ ಎಳೆ, ನಿಲ್ಲಿಸು, ಹತ್ತು ಎಣಿಸು.

ಈರಿಯಲ್ಲಿ ಈಗ ಇನ್ನೊಂದು ಪ್ರಾಣಿಯೂ ಇದೆ. ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಕಡೆಯ ರೌಂಡ್ ಗೋಬಿ ಎಂಬ ಮೀನು. ಹಡಗುಗಳು ತೂಕಕ್ಕೆಂದು ತುಂಬಿಕೊಂಡು ಬಂದ ನೀರಿನಲ್ಲಿ ಸಾಗರ ದಾಟಿತು. 1990ರಲ್ಲಿ ಈರಿಯ ಮೇಲ್ಭಾಗದ ಸೇಂಟ್ ಕ್ಲೇರ್ ನದಿಯಲ್ಲಿ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಕಲ್ಲು ಕಲ್ಲಿಗೂ ಗೋಬಿ. ಬಾಸ್‌ಗೆ ಇದು ಹಬ್ಬದೂಟವೂ ಹೌದು, ತಲೆನೋವೂ ಹೌದು. ದೊಡ್ಡ ಬಾಸ್ ಗೋಬಿ ತಿಂದು ಕೊಬ್ಬಿತು. 2022ರ ನವೆಂಬರ್‌ನಲ್ಲಿ ಈರಿಯಲ್ಲಿ ಸುಮಾರು 4.6 ಕೆ.ಜಿ.ಯ ಸ್ಮಾಲ್‌ಮೌತ್ ಸಿಕ್ಕಿತು. ಇದೇ ಗೋಬಿ ಬಾಸ್‌ನ ಮೊಟ್ಟೆಗಳನ್ನು ತಿನ್ನುತ್ತದೆ. ವಸಂತದಲ್ಲಿ ಗಂಡು ಬಾಸ್ ಜಲ್ಲಿಕಲ್ಲಿನ ನಡುವಿನ ಗೂಡನ್ನು ಕಾಯುತ್ತದೆ. ಅದನ್ನು ಗಾಳದಲ್ಲಿ ಎತ್ತಿದರೆ, ಫೋಟೊ ತೆಗೆದು ವಾಪಸ್ ಬಿಡುವಷ್ಟರಲ್ಲಿ ಗೋಬಿಗಳು ಗೂಡಿಗೆ ನುಗ್ಗಿರುತ್ತವೆ. ಅದಕ್ಕೇ ಆ ದಿನಗಳಲ್ಲಿ ನಾನು ಗೂಡುಗಳ ಕಡೆ ಹೋಗುವುದಿಲ್ಲ.

ಗೋಬಿಯ ಒಂದು ಗುಣ ಲೂರ್ ಆಯ್ಕೆಗೆ ತುಂಬ ಮುಖ್ಯ. ಅದಕ್ಕೆ ಈಜುಚೀಲ ಇಲ್ಲ. ಹೆಚ್ಚಿನ ಮೀನುಗಳು ಹೊಟ್ಟೆಯೊಳಗಿನ ಗಾಳಿಚೀಲದಿಂದ ನೀರಿನ ನಡುವೆ ತೇಲುತ್ತವೆ. ಗೋಬಿಗೆ ಅದು ಆಗದು. ನೆಲದಿಂದ ಚೂರು ಹಾರುತ್ತದೆ, ತಕ್ಷಣ ಕೆಳಗೆ ಕೂರುತ್ತದೆ. ಅದನ್ನು ನಕಲು ಮಾಡುವ ಲೂರ್ ಒಂದು ಅಡಿ ಮೇಲಕ್ಕೆದ್ದು ನಿಧಾನ ಇಳಿದರೆ ಅದು ಗೋಬಿಯಂತೆ ಕಾಣುವುದಿಲ್ಲ. ಇಲ್ಲಿನವರ ಅಚ್ಚುಮೆಚ್ಚು ಟ್ಯೂಬ್. ಒಳಗೆ ಟೊಳ್ಳಾದ, ಹಿಂದೆ ಕುಚ್ಚಿನಂತೆ ಸೀಳಿದ ಮೆತ್ತನೆಯ ಪ್ಲಾಸ್ಟಿಕ್ ಕೊಳವೆ. ಮೊದಲ ಸಲ ನೋಡಿದಾಗ ನಗು ಬಂತು. ಯಾವ ಪ್ರಾಣಿಯಂತೆಯೂ ಇಲ್ಲ. ನೆಲಕ್ಕೆ ತಾಗಿಸಿ ಎಳೆದರೆ ಮಾತ್ರ ಅದು ಗೋಬಿಯೂ ಹೌದು, ಹಿಂದಕ್ಕೆ ಸರಿಯುವ ಕ್ರೇಫಿಶ್ಶೂ ಹೌದು.

ಇನ್ನು ಎರಡನೇ ಪ್ರಶ್ನೆ, ವಾಪಸ್ ಬರುವುದು. ಲೂರ್ ಮುಳುಗಲೆಂದು ಹಾಕಿದ ಗುಂಡಿನಂಥ ತೂಕ ಕಲ್ಲಿನ ಸಂದಿಗೆ ಬಿದ್ದರೆ ಬೆಣೆ ಹೊಡೆದ ಹಾಗೆ ಕಚ್ಚಿಕೊಳ್ಳುತ್ತದೆ. ಎಳೆದಷ್ಟೂ ಬಿಗಿ. ಅದಕ್ಕೆ ಜಲ್ಲಿ ಮತ್ತು ಸಣ್ಣ ಕಲ್ಲುಗಳ ಮೇಲೆ ಫುಟ್‌ಬಾಲ್ ಜಿಗ್ ಬಳಸುತ್ತಾರೆ. ಜಿಗ್ ಅಂದರೆ ಕೊಕ್ಕೆಗೇ ತೂಕದ ತಲೆ ಕೂಡಿಸಿದ ಲೂರ್. ಅಮೆರಿಕದ ಫುಟ್‌ಬಾಲಿನಂತೆ ಅಡ್ಡಕ್ಕೆ ಅಗಲವಾದ ತಲೆ. ಸಣ್ಣ ಸಂದಿಗೆ ಹೊಗುವುದಿಲ್ಲ, ಕಲ್ಲಿನ ಮೇಲೆ ಉರುಳುತ್ತದೆ. ಉರುಳಿದಾಗ ಹಿಂದಿನ ಪ್ಲಾಸ್ಟಿಕ್ ಎದ್ದು ನಿಲ್ಲುತ್ತದೆ, ಥೇಟ್ ಇಕ್ಕಳ ಎತ್ತಿದ ಕ್ರೇಫಿಶ್. ಮನುಷ್ಯನ ತಲೆಯಷ್ಟು ದೊಡ್ಡ ಕಲ್ಲುಗಳಿದ್ದರೆ ಈ ಉಪಾಯ ನಡೆಯದು, ಇಡೀ ಜಿಗ್ಗೇ ಒಳಗೆ ಬೀಳುತ್ತದೆ. ಅಲ್ಲಿ ಹಗುರ ತೂಕವೇ ಗತಿ.

ತೂಕ ಸೀಸದ್ದೋ ಟಂಗ್‌ಸ್ಟನ್ನಿನದೋ ಎನ್ನುವುದೂ ಮುಖ್ಯ. ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ತೂಗಿದರೆ, ಅಷ್ಟೇ ಟಂಗ್‌ಸ್ಟನ್ 19.3 ಗ್ರಾಂ. ಅಷ್ಟೇ ಭಾರಕ್ಕೆ ಟಂಗ್‌ಸ್ಟನ್ ತುಂಡು ಚಿಕ್ಕದಾಗುತ್ತದೆ. ಜೊತೆಗೆ ಅದು ಗಟ್ಟಿ. ಸೀಸ ಕಲ್ಲಿಗೆ ತಾಗಿದರೆ ಮಂಕಾಗಿ ಗೊತ್ತಾಗುತ್ತದೆ, ಟಂಗ್‌ಸ್ಟನ್ ತಾಗಿದರೆ ಟಕ್ ಎಂದು ಕೈಗೆ ಬರುತ್ತದೆ. ಕೆಳಗೆ ಮರಳೋ ಜಲ್ಲಿಯೋ ಬಂಡೆಯೋ ಎಂದು ಕಣ್ಣು ಮುಚ್ಚಿ ಹೇಳಬಹುದು. ಬೆಲೆ ಮಾತ್ರ ಕೈ ಸುಡುತ್ತದೆ. ಆದರೆ ಸೀಸಕ್ಕೆ ಬೇರೆಯೇ ಲೆಕ್ಕ ಇದೆ. ಲೂನ್ ಎಂಬ ನೀರುಹಕ್ಕಿ ಆಹಾರ ಅರೆಯಲು ಸಣ್ಣ ಕಲ್ಲು ನುಂಗುತ್ತದೆ. ಕಲ್ಲಿನ ನಡುವೆ ನಾವು ಕಳೆದುಕೊಂಡ ಸೀಸವನ್ನೂ ನುಂಗಿ ವಿಷವೇರಿ ಸಾಯುತ್ತದೆ. ನ್ಯೂ ಹ್ಯಾಂಪ್‌ಶೈರ್‌ನಂಥ ರಾಜ್ಯಗಳು ಸಣ್ಣ ಸೀಸದ ತೂಕಗಳನ್ನು ನಿರ್ಬಂಧಿಸಿದ್ದು ಇದಕ್ಕೇ. ನನ್ನ ಆ ಏಳು ಲೂರ್‌ಗಳಲ್ಲಿ ಆರು ಸೀಸದವು.

ಮೀನು ಆಳವಿಲ್ಲದ ಕಡೆ ಬಂದಾಗ ಕ್ರ್ಯಾಂಕ್‌ಬೇಟ್ ಚೆನ್ನ. ಇದು ಮೀನಿನಾಕಾರದ ತೇಲುವ ಲೂರ್. ಮುಂದೆ ತುಟಿಯ ಹಾಗೆ ಚಾಚಿದ ಗಟ್ಟಿ ಪಟ್ಟಿ ಇರುತ್ತದೆ. ಸುತ್ತಿ ಎಳೆದಾಗ ತುಟಿ ನೀರನ್ನು ತಳ್ಳಿ ಮೂತಿ ಕೆಳಗಾಗಿ ಮುಳುಗುತ್ತದೆ. ಕಲ್ಲಿಗೆ ಮೊದಲು ತುಟಿ ಬಡಿಯುತ್ತದೆ, ಕೊಕ್ಕೆಗಳು ಅದರ ಹಿಂದೆ ಮರೆಯಲ್ಲಿರುತ್ತವೆ. ಬಡಿದ ಲೂರ್ ಪಕ್ಕಕ್ಕೆ ಎಗರುತ್ತದೆ. ಬಾಸ್ ಹೊಡೆಯುವುದು ಹೆಚ್ಚಾಗಿ ಆ ಕ್ಷಣದಲ್ಲೇ. ಕಲ್ಲಿಗೆ ಬಡಿಯದೆ ಬಂದರೆ ಅದು ಸುಮ್ಮನೆ ಈಜಿಸಿದ ಹಾಗೆ. ಸಂದಿಗೆ ಸಿಕ್ಕಿತೋ, ಎಳೆಯಬೇಡಿ. ದಾರ ಸಡಿಲ ಬಿಟ್ಟರೆ ತಾನೇ ಹಿಂದಕ್ಕೆ ತೇಲಿ ಬಿಡಿಸಿಕೊಳ್ಳುತ್ತದೆ.

ಕೊನೆಗೆ ಬಣ್ಣ. ಕರಾವಳಿಯಲ್ಲಿ ಏಡಿ ಸುಕ್ಕ ಮಾಡುವ ಮನೆಯವರಿಗೆ ಇದು ಗೊತ್ತಿರುತ್ತದೆ: ಹಸಿರು ನೀಲಿ ಬೆರೆತ ಏಡಿ ಬೆಂದರೆ ಕೆಂಪಾಗುತ್ತದೆ. ಚಿಪ್ಪಿನಲ್ಲಿ ಕೆಂಪು ಬಣ್ಣ ಮೊದಲೇ ಇರುತ್ತದೆ, ಪ್ರೋಟೀನು ಅದನ್ನು ಹಿಡಿದು ಮರೆಮಾಡಿರುತ್ತದೆ. ಬಿಸಿಗೆ ಪ್ರೋಟೀನು ಕೆಟ್ಟಾಗ ಕೆಂಪು ಹೊರಬರುತ್ತದೆ. ಕ್ರೇಫಿಶ್ ಕೂಡ ಹಾಗೇ. ಜೀವಂತ ಇರುವಾಗ ಹೆಚ್ಚಿನವು ಕಂದು, ಪಾಚಿ ಬಣ್ಣ. ಅಂಗಡಿಯ ಎಷ್ಟೋ ಕಡುಕೆಂಪು ಲೂರ್‌ಗಳು ಬೇಯಿಸಿದ ಕ್ರೇಫಿಶ್‌ನ ನಕಲು!

ಹಾಗಂತ ಕೆಂಪು ದಂಡ ಅಲ್ಲ. ಸ್ಮಾಲ್‌ಮೌತ್‌ನ ದಾಯಾದಿ ಲಾರ್ಜ್‌ಮೌತ್ ಬಾಸ್‌ನ ಕಣ್ಣನ್ನು ಇಲಿನಾಯ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದ್ದಾರೆ. ಬಣ್ಣ ಗ್ರಹಿಸುವ ಕೋಶಗಳು ನಮಗೆ ಮೂರು ಬಗೆ, ಅದಕ್ಕೆ ಎರಡೇ: ಒಂದು ಹಸಿರಿಗೆ, ಒಂದು ಕೆಂಪಿಗೆ. ಬಣ್ಣದ ತುಂಡುಗಳನ್ನು ತೋರಿಸಿ ತರಬೇತಿ ಕೊಟ್ಟಾಗ ಮೀನುಗಳು ಕೆಂಪನ್ನೂ ಹಸಿರನ್ನೂ ಸಲೀಸಾಗಿ ಗುರುತಿಸಿದವು. ಕಪ್ಪು ಮತ್ತು ನೀಲಿಯ ನಡುವೆ, ಬಿಳಿ ಮತ್ತು ಹಳದಿಹಸಿರಿನ ನಡುವೆ ಗೊಂದಲಪಟ್ಟವು. ಕಪ್ಪೋ ನೀಲಿಯೋ ಎಂದು ನಾನು ಅಂಗಡಿಯಲ್ಲಿ ತಲೆಕೆಡಿಸಿಕೊಂಡಿದ್ದು ವ್ಯರ್ಥ. ಇದರ ಮೇಲೆ ನೀರು ಕೆಂಪು ಬೆಳಕನ್ನು ಬೇಗ ನುಂಗುತ್ತದೆ. ಐದಾರು ಮೀಟರ್ ಕೆಳಗೆ ಕೆಂಪು ಲೂರ್ ಕಪ್ಪಗೆ ಕಾಣುತ್ತದೆ. ನನ್ನ ಡಬ್ಬಿಯಲ್ಲಿ ಈಗ ಮೂರೇ ಬಣ್ಣ. ಪಾಚಿಹಸಿರು, ಕಂದು, ಮೋಡದ ದಿನಕ್ಕೆ ಕಪ್ಪು.

ದಾರದ ಬಗ್ಗೆ ಹೇಳದಿದ್ದರೆ ಇಷ್ಟೆಲ್ಲ ದಂಡ. ಹೆಣೆದ ದಾರ ಬಲವಾದದ್ದು, ಆದರೆ ಬಿಗಿಯಾಗಿದ್ದಾಗ ಕಲ್ಲಿನ ಅಂಚಿಗೆ ಉಜ್ಜಿದರೆ ಬೇಗ ಕಡಿಯುತ್ತದೆ. ಹಾಗಾಗಿ ಕೊನೆಯ ಒಂದೆರಡು ಮೀಟರ್ ಫ್ಲೋರೊಕಾರ್ಬನ್ ಎಂಬ, ಉಜ್ಜಾಟ ತಾಳುವ ಒಂದೆಳೆ ದಾರ ಕಟ್ಟುತ್ತೇನೆ. ಈರಿಯ ಕಲ್ಲಿಗೆಲ್ಲ ಜೀಬ್ರಾ ಮಸೆಲ್ ಎಂಬ ಪುಟ್ಟ ಚಿಪ್ಪುಗಳು ಅಂಟಿವೆ, ಒಂದೊಂದೂ ಬ್ಲೇಡು. ಅದಕ್ಕೇ ಹತ್ತು ಸಲ ಎಸೆದ ಮೇಲೆ ಕೊನೆಯ ಎರಡಡಿ ದಾರವನ್ನು ಬೆರಳ ನಡುವೆ ಎಳೆದು ನೋಡುತ್ತೇನೆ. ಎಲ್ಲಾದರೂ ತರಿತರಿ ಸಿಕ್ಕಿದರೆ ಅಲ್ಲಿಗೆ ಕತ್ತರಿಸಿ ಹೊಸದಾಗಿ ಗಂಟು ಹಾಕುತ್ತೇನೆ. ಹೋದ ವಾರ ಹಾಗೆ ನೋಡುವಾಗ ಟ್ಯೂಬಿನ ಬಾಲಕ್ಕೆ ಒಂದು ಮಸೆಲ್ ಕಚ್ಚಿಕೊಂಡಿತ್ತು. ಆ ದಿನ ನನ್ನ ಲೂರ್ ಕಚ್ಚಿದ್ದು ಅದೊಂದೇ.