ಕರೆಂಟು ಹೋದರೆ ರೋಲರ್ ಕೋಸ್ಟರ್ ಏನಾಗುತ್ತದೆ?

ಹೊಸ ರೋಲರ್ ಕೋಸ್ಟರ್ ಎಲ್ಲಿಯಾದರೂ ಶುರುವಾಯಿತೆಂಬ ಸುದ್ದಿ ಬಂದರೆ ನಮ್ಮ ಬೆಳಗಾವಿ ಕಡೆಯ ಹಿರಿಯರು ಕೇಳುವ ಮೊದಲ ಪ್ರಶ್ನೆ, "ನಡುವೆಯೇ ಕರೆಂಟು ಹೋದರೆ ಏನು ಗತಿ?" ಎಂಬುದು. ಬೇಸಿಗೆಯ ವಿದ್ಯುತ್ ಕಡಿತವನ್ನು ಜೀವನವಿಡೀ ಕಂಡವರು ಕೇಳುವ ಈ ಪ್ರಶ್ನೆ ಬಹಳ ಒಳ್ಳೆಯದು. ಅದಕ್ಕೆ ಸಾಮಾನ್ಯವಾಗಿ ಸಿಗುವ ಎರಡು ಉತ್ತರಗಳು ಮಾತ್ರ ಸರಿಯಲ್ಲ. ಜನರೇಟರ್ ಇರುತ್ತದೆ, ಚಿಂತೆ ಬೇಡ ಎನ್ನುವವರು ಕೆಲವರು. ಆಮೇಲೆ ದೇವರೇ ಕಾಯಬೇಕು ಎನ್ನುವವರು ಹಲವರು. ಇಂದಿನ ರೋಲರ್ ಕೋಸ್ಟರ್ ಜನರೇಟರನ್ನು ನೆಚ್ಚಿಕೊಂಡು ಸುರಕ್ಷಿತವಾಗಿ ನಿಲ್ಲುವುದಿಲ್ಲ. ಕರೆಂಟು ಹೋಗಿಯೇ ಹೋಗುತ್ತದೆ ಎಂದು ಮೊದಲೇ ಭಾವಿಸಿ, ಆ ಗಳಿಗೆಯಲ್ಲಿ ತಾನಾಗಿಯೇ ನಿಲ್ಲುವಂತೆ ಅದನ್ನು ಕಟ್ಟಿರುತ್ತಾರೆ. ಯಂತ್ರವನ್ನು ಹೀಗೆ ಕಟ್ಟಬೇಕೆಂದು ಮನುಷ್ಯ ಕಲಿತದ್ದು ಆಟದ ಮೈದಾನದಲ್ಲಲ್ಲ, ರೈಲು ಹಳಿಗಳ ಮೇಲೆ, ಅದೂ ಬಹಳ ದೊಡ್ಡ ಬೆಲೆ ತೆತ್ತು.

ಈಗ ನಮ್ಮ ಭಾಗದ ಕಾಲೇಜು ಹುಡುಗರು ಇಂಥ ಆಟಗಳ ನಿರ್ಮಾಣವನ್ನು ಮೊಬೈಲಿನಲ್ಲಿ ಮೊದಲ ಕಂಬದಿಂದಲೇ ಹಿಂಬಾಲಿಸುತ್ತಾರೆ. ಬೆಳಗಾವಿಯಿಂದ ಪುಣೆ ದಾಟಿ ಮುಂಬೈ ದಾರಿಯಲ್ಲಿ ಸಿಗುವ ಖೋಪೋಲಿಯ ಇಮ್ಯಾಜಿಕಾ ಮನರಂಜನಾ ಪಾರ್ಕು 2013ರಲ್ಲಿ ತೆರೆದ ವರ್ಷವೇ ಅಲ್ಲಿ ನೈಟ್ರೊ ಬಂದಿತು. ಸುಮಾರು 40 ಮೀಟರ್ ಎತ್ತರದ ಆ ಕೋಸ್ಟರಿನಲ್ಲಿ ಕಾಲ ಕೆಳಗೆ ನೆಲಹಾಸೇ ಇಲ್ಲ. ಚೆನ್ನೈ ಬಳಿಯ ವಂಡರ್‌ಲಾ 2025ರ ಡಿಸೆಂಬರಿನಲ್ಲಿ ತೆರೆದುಕೊಂಡಿತು. ಅಲ್ಲಿನ ತಂಜೋರಾದಲ್ಲಿ ಹಳಿಯೇ ತಲೆಯ ಮೇಲಿದ್ದು, ಬೋಗಿಗಳು ಅದರಿಂದ ಜೋತುಬಿದ್ದು ಓಡುತ್ತವೆ. ಎರಡನ್ನೂ ರೂಪಿಸಿದ್ದು ಸ್ವಿಟ್ಜರ್‌ಲೆಂಡಿನ ಬೊಲಿಗರ್ ಆ್ಯಂಡ್ ಮಬಿಯಾರ್ ಕಂಪನಿ. ನಿರ್ಮಾಣದ ವಿಡಿಯೋಗಳಲ್ಲಿ ಕ್ರೇನ್ ಎತ್ತಿದ ಕೊನೆಯ ಹಳಿಯ ತುಂಡು ತನ್ನ ಜಾಗದಲ್ಲಿ ಕೂತ ಕೂಡಲೇ ನೋಡುಗರು ಚಪ್ಪಾಳೆ ತಟ್ಟುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದಲೇ. ಅದು ಕ್ಯಾಮೆರಾಕ್ಕೆ ಅಷ್ಟಾಗಿ ಸಿಗುವುದಿಲ್ಲ.

ರೋಲರ್ ಕೋಸ್ಟರಿನ ಬೋಗಿಗಳಿಗೆ ಎಂಜಿನ್ ಇಲ್ಲವೆಂಬುದು ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತಿರುವ ಸಂಗತಿ. 40 ಮೀಟರ್ ಎತ್ತರದಿಂದ ಇಳಿದರೆ, ಘರ್ಷಣೆಯ ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದಾಗ, ತಳದಲ್ಲಿ ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗ ಬರುತ್ತದೆ. ಬೋಗಿಯ ತೂಕಕ್ಕೂ ಈ ವೇಗಕ್ಕೂ ಸಂಬಂಧವಿಲ್ಲ. ತುದಿಯಿಂದ ಒಮ್ಮೆ ಜಾರಿದ ಮೇಲೆ ಇಡೀ ಊರಿನ ಕರೆಂಟು ಹೋದರೂ ಬೋಗಿ ಅದೇ ಓಟ ಓಡುತ್ತದೆ, ತಲೆಕೆಳಗಾಗುವ ಸುತ್ತನ್ನೂ ಅದೇ ವೇಗದಲ್ಲಿ ದಾಟುತ್ತದೆ. ಸುತ್ತಿನ ನಡುವೆ ಕರೆಂಟು ಹೋಗಿ ಜನ ತಲೆಕೆಳಗಾಗಿ ನೇತಾಡುತ್ತಾರೆಂಬ ಭಯಕ್ಕೆ ಆಧಾರವಿಲ್ಲ. ಆದ್ದರಿಂದ ಪ್ರಶ್ನೆ ಉಳಿಯುವುದು ಎರಡು ಕಡೆ ಮಾತ್ರ: ಬೋಗಿ ಮೇಲೇರುವಾಗ ಮತ್ತು ಓಟ ಮುಗಿದು ನಿಲ್ಲಬೇಕಾದಾಗ.

ಏರುವ ಕಡೆಯದನ್ನು ಮೊದಲು ನೋಡೋಣ. ಸರಪಳಿ ಎಳೆಯುವ ಕೋಸ್ಟರುಗಳಲ್ಲಿ ಏರುವಾಗ ಕೇಳುವ ಟಕ್ ಟಕ್ ಸದ್ದು ಸರಪಳಿಯದೆಂದು ಬಹಳ ಜನ ತಿಳಿದಿದ್ದಾರೆ. ಹಳಿಯ ನಡುವೆ ಗರಗಸದ ಹಲ್ಲಿನಂಥ ಉದ್ದನೆಯ ಕಬ್ಬಿಣದ ಪಟ್ಟಿ ಇರುತ್ತದೆ. ಬೋಗಿಯ ತಳದಲ್ಲಿರುವ ಕೊಕ್ಕೆ ಒಂದೊಂದೇ ಹಲ್ಲನ್ನು ದಾಟಿ ಬೀಳುವಾಗ ಬರುವ ಸದ್ದು ಅದು. ಮುಂದಕ್ಕೆ ಹೋಗುವಾಗ ಕೊಕ್ಕೆ ಹಲ್ಲಿನ ಮೇಲೆ ಜಾರುತ್ತದೆ, ಹಿಂದಕ್ಕೆ ಬರಲು ಹೊರಟರೆ ಕಚ್ಚಿಕೊಳ್ಳುತ್ತದೆ. ಜಾತ್ರೆಯಲ್ಲಿ ತೇರು ಎಳೆಯುವಾಗ ಗಾಲಿಯ ಜೊತೆಗೇ ಮರದ ಬೆಣೆ ಹಿಡಿದು ನಡೆಯುವ ಅನುಭವಿಗಳಿರುತ್ತಾರಲ್ಲ, ಅವರ ಕೆಲಸವನ್ನು ಈ ಕೊಕ್ಕೆ ಪ್ರತಿ ಹೆಜ್ಜೆಗೂ ಯಾರ ಕೈಯ ನೆರವಿಲ್ಲದೆ ಮಾಡುತ್ತದೆ. ಮೋಟರು ನಿಂತರೂ, ಸರಪಳಿಯೇ ತುಂಡಾದರೂ ಬೋಗಿ ಇದ್ದಲ್ಲೇ ನಿಲ್ಲುತ್ತದೆ. ಕೊಕ್ಕೆಯನ್ನು ಹಿಡಿದಿರುವುದು ಅದರ ತೂಕ ಮತ್ತು ಹಲ್ಲಿನ ಆಕಾರ ಮಾತ್ರ, ಆದ್ದರಿಂದ ಕರೆಂಟು ಇದ್ದರೂ ಹೋದರೂ ಅದಕ್ಕೆ ಒಂದೇ. ಅಮೆರಿಕದ ಜಾನ್ ಮಿಲ್ಲರ್ 1910ರ ಸುಮಾರಿಗೆ ಇದನ್ನು ಕೋಸ್ಟರುಗಳಲ್ಲಿ ಬಳಕೆಗೆ ತಂದರು. ಬೋಗಿ ಹಳಿಯಿಂದ ಮೇಲೇಳದಂತೆ ಹಳಿಯ ಕೆಳಗೂ ಗಾಲಿ ಕೊಡುವ ಏರ್ಪಾಡೂ ಅವರದೇ.

ಇಂಥ ಕೊಕ್ಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಐರ್ಲೆಂಡಿನ ಆರ್ಮಾ ಊರು 1889ರ ಜೂನ್ 12ರಂದು ಕಂಡಿತು. ಭಾನುವಾರದ ಶಾಲೆಯ ಮಕ್ಕಳನ್ನೂ ಅವರ ಮನೆಯವರನ್ನೂ ಕಡಲತೀರದ ವಿಹಾರಕ್ಕೆ ಕರೆದೊಯ್ಯುತ್ತಿದ್ದ ಹದಿನೈದು ಬೋಗಿಗಳ ರೈಲು ಏರಿನಲ್ಲಿ ಹತ್ತಲಾರದೆ ನಿಂತಿತು. ರೈಲನ್ನು ಎರಡು ಭಾಗ ಮಾಡಿ, ಮುಂದಿನದನ್ನು ಮೊದಲು ಒಯ್ಯುವುದೆಂದು ಸಿಬ್ಬಂದಿ ನಿರ್ಧರಿಸಿದರು. ಆ ರೈಲಿನ ನಿರ್ವಾತ ಬ್ರೇಕು ಎಂಜಿನ್ ಇರುವವರೆಗೆ ಮಾತ್ರ ಹಿಡಿಯುವಂಥದ್ದು. ಕೊಂಡಿ ಬಿಚ್ಚಿದ ಕೂಡಲೇ ಹಿಂದಿನ ಹತ್ತು ಬೋಗಿಗಳಿಗೆ ಉಳಿದದ್ದು ಕೊನೆಯ ಬೋಗಿಯ ಕೈ ಬ್ರೇಕು ಮತ್ತು ಗಾಲಿಗಳ ಕೆಳಗೆ ಇಟ್ಟ ಕಲ್ಲುಗಳು. ಎಂಜಿನ್ ಹೊರಡುವ ಮುನ್ನ ಸ್ವಲ್ಪ ಹಿಂದೆ ಸರಿದಾಗ ಆ ಕಲ್ಲುಗಳು ಪುಡಿಯಾದವು. ಬೋಗಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಓಡಿ, ಅದೇ ಹಳಿಯಲ್ಲಿ ಬರುತ್ತಿದ್ದ ಇನ್ನೊಂದು ರೈಲಿಗೆ ಅಪ್ಪಳಿಸಿದವು. ಸುಮಾರು 80 ಜನ ಸತ್ತರು. ಅವರಲ್ಲಿ ಅನೇಕರು ಮಕ್ಕಳು.

ಆ ವರ್ಷವೇ ಬ್ರಿಟಿಷ್ ಸಂಸತ್ತು ಕಾನೂನು ಮಾಡಿತು. ಅದು ಕಡ್ಡಾಯಗೊಳಿಸಿದ ವಿಷಯಗಳಲ್ಲಿ ಎರಡು ಇಲ್ಲಿ ಮುಖ್ಯ. ಪ್ರಯಾಣಿಕರ ರೈಲಿನ ಬ್ರೇಕು ತಾನಾಗಿ ಹಿಡಿಯುವಂಥದ್ದಾಗಿರಬೇಕು. ಹಳಿಯನ್ನು ತುಂಡುಗಳಾಗಿ ವಿಂಗಡಿಸಿ, ಒಂದು ತುಂಡಿನಲ್ಲಿ ಒಂದು ಸಮಯಕ್ಕೆ ಒಂದೇ ರೈಲು ಇರಬೇಕು. ತಾನಾಗಿ ಹಿಡಿಯುವ ಬ್ರೇಕನ್ನು ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿಯೇ ರೂಪಿಸಿದ್ದರು. ಅವರ ಮೊದಲ ಬ್ರೇಕಿನಲ್ಲಿ ಗಾಳಿಯ ಒತ್ತಡ ಬಂದರೆ ಗಾಲಿ ಹಿಡಿಯುತ್ತಿತ್ತು, ಕೊಳವೆ ಹರಿದರೆ ಬ್ರೇಕೇ ಇಲ್ಲ. ಎರಡನೆಯದರಲ್ಲಿ ಅವರು ಇಡೀ ತರ್ಕವನ್ನು ತಿರುವು ಹಾಕಿದರು: ಮುಖ್ಯ ಕೊಳವೆಯಲ್ಲಿ ಒತ್ತಡ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ, ಕೊಳವೆ ಹರಿದರೆ, ಕೊಂಡಿ ಕಳಚಿದರೆ, ಪ್ರತಿ ಬೋಗಿಯೂ ತನ್ನಲ್ಲಿ ಕೂಡಿಟ್ಟ ಗಾಳಿಯಿಂದ ತಾನೇ ಗಾಲಿ ಹಿಡಿಯುತ್ತದೆ. ಮನುಷ್ಯನ ಶಕ್ತಿ ಖರ್ಚಾಗಬೇಕಾದದ್ದು ನಿಲ್ಲಿಸಲಿಕ್ಕಲ್ಲ, ಬಿಡಲಿಕ್ಕೆ ಎಂಬ ಈ ಒಂದು ಯೋಚನೆಯನ್ನು ನಾನು ಹತ್ತೊಂಬತ್ತನೆಯ ಶತಮಾನದ ದೊಡ್ಡ ಆವಿಷ್ಕಾರಗಳ ಸಾಲಿನಲ್ಲಿ ಇಡುತ್ತೇನೆ. ಇಂದಿನ ಅನೇಕ ಕೋಸ್ಟರುಗಳಲ್ಲಿ ಬೋಗಿಯನ್ನು ಎರಡೂ ಬದಿಯಿಂದ ಅಮುಕಿ ಹಿಡಿಯುವ ಬ್ರೇಕು ಸ್ಪ್ರಿಂಗಿನ ಬಲದಿಂದ ಮುಚ್ಚಿಕೊಂಡೇ ಇರುತ್ತದೆ, ತೆರೆಯಲು ಗಾಳಿಯ ಒತ್ತಡ ಬೇಕು. ಎದೆಯ ಮೇಲೆ ಬರುವ ಕಂಬಿಯನ್ನು ಹಿಡಿದಿಡುವ ಹೈಡ್ರಾಲಿಕ್ ಸಿಲಿಂಡರಿನಲ್ಲಿ ಎಣ್ಣೆ ಒಂದೇ ದಿಕ್ಕಿಗೆ ಹರಿಯಬಲ್ಲದು. ಉದ್ಯಮಬಾಗದ ಕಾರ್ಖಾನೆಗಳಲ್ಲಿ ಹೈಡ್ರಾಲಿಕ್ಸ್ ಕೆಲಸ ಮಾಡಿದವರಿಗೆ ನಾನ್ ರಿಟರ್ನ್ ವಾಲ್ವ್ ಎಂದರೆ ಸಾಕು, ಮಿಕ್ಕದ್ದು ಅರ್ಥವಾಗುತ್ತದೆ. ಆ ಬೀಗ ಬಿಚ್ಚಲು ಕರೆಂಟು ಬೇಕು, ಹಿಡಿದಿಡಲು ಬೇಡ.

ಇನ್ನು ಓಟದ ಕೊನೆಗೆ ಬರೋಣ. ಇಲ್ಲಿ ಕೆಲಸ ಮಾಡುವ ಸಾಧನ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬರುವ ಹಲವು ಟನ್ ತೂಕದ ಬೋಗಿಗಳನ್ನು ಏನೂ ಮುಟ್ಟದೆ ನಿಧಾನಗೊಳಿಸುವುದು ಸಾಧ್ಯ. ಹಳಿಯ ಬದಿಯಲ್ಲಿ ಬಲವಾದ ಕಾಯಂ ಅಯಸ್ಕಾಂತಗಳ ಎರಡು ಸಾಲು, ಬೋಗಿಯ ತಳದಲ್ಲಿ ತಾಮ್ರದ ಮಿಶ್ರಲೋಹದ ತೆಳುವಾದ ಹಲಗೆ. ಓಡುವಾಗ ಹಲಗೆ ಆ ಎರಡು ಸಾಲುಗಳ ನಡುವಿನ ಸಂದಿಯಲ್ಲಿ ಹಾದುಹೋಗುತ್ತದೆ. ತಾಮ್ರವನ್ನು ಅಯಸ್ಕಾಂತ ಸೆಳೆಯುವುದಿಲ್ಲ. ಆದರೆ ಚಲಿಸುವ ಲೋಹದೊಳಗೆ ಅಯಸ್ಕಾಂತ ಕ್ಷೇತ್ರ ಬದಲಾಗುತ್ತಿರುವಾಗ ಅಲ್ಲಿ ಸುಳಿ ಸುಳಿಯಾದ ವಿದ್ಯುತ್ ಹರಿವು ಹುಟ್ಟುತ್ತದೆ; ಆ ಹರಿವಿನ ಸ್ವಂತ ಅಯಸ್ಕಾಂತ ಕ್ಷೇತ್ರ, ಅದನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತದೆ. ಬೋಗಿಯ ವೇಗ ತಾಮ್ರದಲ್ಲಿ ಬಿಸಿಯಾಗಿ ಕರಗುತ್ತದೆ. ತಿರುಗುವ ತಾಮ್ರದ ತಟ್ಟೆ ತನ್ನ ಮೇಲಿನ ಸೂಜಿಗಲ್ಲನ್ನು ಜೊತೆಗೆ ಎಳೆದೊಯ್ಯುವುದನ್ನು ಫ್ರಾನ್ಸಿನ ಅರಾಗೊ 1824ರಲ್ಲಿ ಗಮನಿಸಿದ್ದರು. ಕಾರಣವನ್ನು 1831ರ ನಂತರ ಫ್ಯಾರಡೆ ವಿವರಿಸಿದರು. ಅಯಸ್ಕಾಂತದ ನಡುವೆ ತಟ್ಟೆಯನ್ನು ಬಲವಂತವಾಗಿ ತಿರುಗಿಸಿದರೆ ಅದು ಬಿಸಿಯಾಗುತ್ತದೆಂದು 1855ರಲ್ಲಿ ಫೂಕೊ ತೋರಿಸಿದರು.

ಇದನ್ನು ನೋಡಲು ಖೋಪೋಲಿಗೆ ಹೋಗಬೇಕಿಲ್ಲ. ಎಲೆಕ್ಟ್ರಾನಿಕ್ ಮೀಟರು ಬರುವ ಮುನ್ನ ನಮ್ಮ ಮನೆಗಳ ಗೋಡೆಯ ಮೇಲಿದ್ದ ಹಳೆಯ ಕರೆಂಟು ಮೀಟರನ್ನು ನೆನಪಿಸಿಕೊಳ್ಳಿ. ಗಾಜಿನ ಹಿಂದೆ ಒಂದು ಅಲ್ಯೂಮಿನಿಯಂ ತಟ್ಟೆ ತಿರುಗುತ್ತಿತ್ತು, ಅದರ ಅಂಚಿನ ಗುರುತು ಎಷ್ಟು ಬೇಗ ಮರಳಿ ಬರುತ್ತದೆಂದು ಮಕ್ಕಳು ಎಣಿಸುತ್ತಿದ್ದರು. ಆ ತಟ್ಟೆಯ ಒಂದು ಬದಿಯನ್ನು ಕಚ್ಚಿದಂತೆ, ಆದರೆ ಮುಟ್ಟದೆ, ಒಂದು ಅಯಸ್ಕಾಂತ ಕೂತಿರುತ್ತಿತ್ತು. ಅದು ಬ್ರೇಕು. ತಟ್ಟೆ ಜೋರಾಗಿ ತಿರುಗಿದಷ್ಟೂ ಅದು ಜೋರಾಗಿ ತಡೆಯುತ್ತದೆ. ಅದರಿಂದಲೇ ತಟ್ಟೆಯ ವೇಗ ನಾವು ಬಳಸುವ ಕರೆಂಟಿಗೆ ಸರಿಯಾಗಿ ಹೊಂದಿಕೊಂಡು, ಬಿಲ್ಲು ಸರಿ ಬರುತ್ತಿತ್ತು. ಎ.ಸಿ. ರಿಪೇರಿಯವರ ಬಳಿ ಸಿಗುವ ತಾಮ್ರದ ಕೊಳವೆಯೊಳಗೆ, ಅದರಲ್ಲಿ ಸರಾಗವಾಗಿ ಹಿಡಿಸುವ ಚಿಕ್ಕ ನಿಯೋಡಿಮಿಯಂ ಅಯಸ್ಕಾಂತವನ್ನು ಬಿಟ್ಟು ನೋಡಿ. ಅದೇ ಗಾತ್ರದ ಕಬ್ಬಿಣದ ಚೂರು ಕ್ಷಣದಲ್ಲಿ ಕೆಳಗೆ ಬೀಳುತ್ತದೆ, ಅಯಸ್ಕಾಂತ ಮಾತ್ರ ಕೊಳವೆಯ ಗೋಡೆಗೆ ಅಂಟದೆಯೂ ತೇಲಿದಂತೆ ನಿಧಾನವಾಗಿ ಇಳಿದು ಬರುತ್ತದೆ.

ತಡೆಯುವ ಬಲ ವೇಗವನ್ನೇ ಅವಲಂಬಿಸಿರುವುದರಿಂದ ಈ ಬ್ರೇಕು ಬೋಗಿಯನ್ನು ಪೂರ್ತಿ ನಿಲ್ಲಿಸಲಾರದು. ವೇಗ ಇಳಿದಂತೆ ಬಲವೂ ಇಳಿದು, ಬೋಗಿ ಮೆಲ್ಲನೆ ತೆವಳುತ್ತದೆ, ಅಂತಿಮ ಹಿಡಿತವನ್ನು ಮುಟ್ಟಿ ಹಿಡಿಯುವ ಬ್ರೇಕೇ ಕೊಡಬೇಕು. ಅದು ಕೊರತೆಯಾದರೂ, ಮಳೆಯಲ್ಲಿ ಜಾರದ, ಸವೆಯದ, ಯಾರೂ ಗುಂಡಿ ಒತ್ತಬೇಕಿಲ್ಲದ, ಕರೆಂಟಿನ ಹಂಗಿಲ್ಲದ ಬ್ರೇಕು ಬೇರೆ ಯಾವುದಿದೆ? ಇದರ ಅತ್ಯಂತ ಚೆಂದದ ಬಳಕೆ ಅಮೆರಿಕದ ನ್ಯೂಜೆರ್ಸಿಯ ಕಿಂಗ್‌ಡಾ ಕಾ ಎಂಬ ಕೋಸ್ಟರಿನಲ್ಲಿತ್ತು. 2005ರಲ್ಲಿ ತೆರೆದು 2024ರಲ್ಲಿ ಮುಚ್ಚಿದ ಅದರ ಎತ್ತರ 139 ಮೀಟರ್. ಅಲ್ಲಿ ಸರಪಳಿಯ ಏರು ಇರಲಿಲ್ಲ; ಹೈಡ್ರಾಲಿಕ್ ಯಂತ್ರ ಬೋಗಿಗಳನ್ನು ಸುಮಾರು ಮೂರೂವರೆ ಸೆಕೆಂಡುಗಳಲ್ಲಿ ಗಂಟೆಗೆ 206 ಕಿಲೋಮೀಟರ್ ವೇಗಕ್ಕೆ ಎಸೆಯುತ್ತಿತ್ತು, ಆ ಎಸೆತದ ಬಲದಿಂದಲೇ ಅವು ತುದಿ ಮುಟ್ಟಬೇಕಿತ್ತು. ಎದುರುಗಾಳಿ ಬೀಸಿದಾಗಲೋ, ಎಸೆತ ಕೊಂಚ ಕಡಿಮೆಯಾದಾಗಲೋ ಬೋಗಿ ತುದಿಯ ಹತ್ತಿರ ಹೋಗಿ, ಅರೆಕ್ಷಣ ನಿಂತು, ಬಂದ ದಾರಿಯಲ್ಲೇ ಹಿಂದಕ್ಕೆ ಧುಮುಕುತ್ತಿತ್ತು. ಅಲ್ಲಿ ಅಯಸ್ಕಾಂತಗಳಿದ್ದದ್ದು ಬೋಗಿಯಲ್ಲಿ, ಹಲಗೆಗಳಿದ್ದದ್ದು ಹಳಿಯಲ್ಲಿ. ಎಸೆಯುವ ಹಳಿಯ ಉದ್ದಕ್ಕೂ ಇದ್ದ ಆ ಹಲಗೆಗಳನ್ನು ಎಸೆಯುವ ಮುನ್ನ ಕೆಳಗೆ ತಗ್ಗಿಸಿ, ಬೋಗಿ ದಾಟಿದ ಕೂಡಲೇ ಮೇಲೇಳಿಸುತ್ತಿದ್ದರು. ಹಿಂದಕ್ಕೆ ಬಂದ ಬೋಗಿಯನ್ನು ಅವು ಮೃದುವಾಗಿ ತಡೆದು ಉಳಿಸುತ್ತಿದ್ದವು. ಅದು ಅಪಘಾತವಲ್ಲ, ಮೊದಲೇ ಲೆಕ್ಕಕ್ಕೆ ಹಿಡಿದ ಸಂಗತಿ.

ಹಳಿಯನ್ನು ತುಂಡುಗಳಾಗಿ ವಿಂಗಡಿಸುವ ರೈಲ್ವೆಯ ನಿಯಮವೂ ಕೋಸ್ಟರಿಗೆ ಹಾಗೆಯೇ ಬಂದಿದೆ. ಮುಂದಿನ ತುಂಡು ಖಾಲಿಯಾಗದೆ ಹಿಂದಿನ ಬೋಗಿಯನ್ನು ಬಿಡುವುದಿಲ್ಲ. ಆದ್ದರಿಂದ ತುಂಡುಗಳ ಸಂಖ್ಯೆಗಿಂತ ಓಡುವ ಬೋಗಿಸಾಲುಗಳು ಯಾವಾಗಲೂ ಒಂದಾದರೂ ಕಡಿಮೆ ಇರಬೇಕು. ಉದ್ಘಾಟನೆಗೆ ಮುಂಚಿನ ವಾರಗಳಲ್ಲಿ ಎಂಜಿನಿಯರುಗಳು ನೀರು ತುಂಬಿದ ಬೊಂಬೆಗಳನ್ನು ಸೀಟುಗಳಲ್ಲಿ ಕೂರಿಸಿ ಪರೀಕ್ಷಿಸುವುದು ಇದನ್ನೆಲ್ಲ. ಬೇಕೆಂದೇ ವಿದ್ಯುತ್ ಕಡಿದು, ಪ್ರತಿ ತುಂಡಿನಲ್ಲೂ ಬೋಗಿ ನಿಲ್ಲುತ್ತದೆಯೇ ಎಂದು ನೋಡುತ್ತಾರೆ. ಹೊಸ ಗಾಲಿ ಮತ್ತು ಗಟ್ಟಿ ಗ್ರೀಸಿನಿಂದಾಗಿ ಮೊದಲ ಓಟಗಳಲ್ಲಿ ಬೋಗಿ ಕೆಲವೊಮ್ಮೆ ಒಂದು ಏರನ್ನು ದಾಟಲಾರದೆ ಎರಡು ಏರುಗಳ ನಡುವಿನ ತಗ್ಗಿನಲ್ಲಿ ತೂಗಾಡಿ ನಿಂತುಬಿಡುತ್ತದೆ. ಆಗ ಕ್ರೇನ್ ತರಬೇಕಾಗುತ್ತದೆ, ಉದ್ಘಾಟನೆಯ ದಿನ ಮುಂದೆ ಹೋಗುತ್ತದೆ. ಇಂಥ ವಿಳಂಬವನ್ನು ಅಪಶಕುನವೆಂದೋ, ದೃಷ್ಟಿ ತಾಗಿತೆಂದೋ ಹಂಚಿಕೊಳ್ಳುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಪರೀಕ್ಷೆಯಲ್ಲಿ ನಿಂತ ಬೋಗಿ ಪರೀಕ್ಷೆ ನಡೆಯುತ್ತಿದೆ ಎಂಬುದಕ್ಕೆ ಸಾಕ್ಷಿ. ಹೊಸ ಯಂತ್ರಕ್ಕೆ ಪೂಜೆ ಮಾಡಿ, ಕುಂಬಳಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಡುವುದಕ್ಕೆ ನನ್ನ ತಕರಾರಿಲ್ಲ. ಅಪಘಾತವಾದಾಗ ಕಾರಣವನ್ನು ಗ್ರಹಗತಿಯಲ್ಲಿ ಹುಡುಕಲು ಹೊರಟರೆ, ಸಡಿಲವಾಗಿದ್ದ ಬೋಲ್ಟಿನ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನನ್ನ ತಕರಾರು ಅಲ್ಲಿದೆ.

ಈ ಮಾತು ಬಾದಾಮಿಯ ಬನಶಂಕರಿ ಜಾತ್ರೆಗೂ, ವಿಜಯಪುರದ ಸಿದ್ಧೇಶ್ವರ ಜಾತ್ರೆಗೂ ಅನ್ವಯಿಸುತ್ತದೆ. ಜಾತ್ರೆಯ ದೊಡ್ಡ ತೊಟ್ಟಿಲನ್ನು ಕೆಲವೇ ದಿನಗಳಲ್ಲಿ ಕಟ್ಟಿ, ಕೆಲವೇ ವಾರಗಳಲ್ಲಿ ಬಿಚ್ಚಿ, ಮುಂದಿನ ಊರಿಗೆ ಒಯ್ಯುತ್ತಾರೆ; ಪ್ರತಿ ಊರಿನಲ್ಲೂ ಅದು ಹೊಸ ನಿರ್ಮಾಣವೇ. ಹತ್ತುವ ಮುನ್ನ ಕೇಳಬೇಕಾದ ಪ್ರಶ್ನೆ ಮತ್ತೆ ಅದೇ: ಡೀಸೆಲ್ ಜನರೇಟರ್ ನಿಂತರೆ ಬ್ರೇಕು ತಾನಾಗಿ ಹಿಡಿಯುತ್ತದೆಯೇ, ಇಲ್ಲವೇ ಒಬ್ಬ ಮನುಷ್ಯನ ಕೈಯೇ ಹಿಡಿಯಬೇಕೇ? ಪರವಾನಿಗೆ ಕೊಡುವವರು ಇದನ್ನು ಕೇಳಿ, ಜನರೇಟರ್ ನಿಲ್ಲಿಸಿ ನೋಡಿ, ಬರೆದಿಡಬೇಕೆಂದು ನಾನು ಬಯಸುತ್ತೇನೆ.

ಕರೆಂಟು ಹೋದಾಗಿನ ಕಥೆ ಇಷ್ಟು. ಯಾರೂ ಕೇಳದ ಪ್ರಶ್ನೆ, ಕರೆಂಟು ಮರಳಿ ಬಂದಾಗ ಏನಾಗಬೇಕೆಂಬುದು. ಮನೆಯಲ್ಲಿ ಫ್ಯಾನು ತಾನಾಗಿ ತಿರುಗಲು ಶುರುಮಾಡುತ್ತದೆ, ಕೋಸ್ಟರಿನಲ್ಲಿ ಹಾಗಾಗಬಾರದು. ಏನೇ ಕಾರಣಕ್ಕೆ ನಿಂತಿರಲಿ, ಸಿಬ್ಬಂದಿ ಹಳಿಯ ಪಕ್ಕದ ಮೆಟ್ಟಿಲುಗಳಲ್ಲಿ ನಡೆದು, ಪ್ರತಿ ಬೋಗಿಸಾಲು ಎಲ್ಲಿದೆಯೆಂದು ಕಣ್ಣಾರೆ ಕಂಡು, ಆಮೇಲೆ ಕೀಲಿ ತಿರುಗಿಸಿ ಅನುಮತಿ ಕೊಡಬೇಕು. 2015ರ ಜೂನ್ 2ರಂದು ಇಂಗ್ಲೆಂಡಿನ ಆಲ್ಟನ್ ಟವರ್ಸ್ ಮನರಂಜನಾ ಪಾರ್ಕಿನಲ್ಲಿ ಸ್ಮೈಲರ್ ಎಂಬ ಕೋಸ್ಟರಿನ ಒಂದು ಖಾಲಿ ಬೋಗಿಸಾಲು ಹಳಿಯ ನಡುವೆ ನಿಂತುಬಿಟ್ಟಿತ್ತು. ಹಿಂದೆ 16 ಜನರಿದ್ದ ಬೋಗಿಗಳನ್ನು ನಿಯಂತ್ರಣ ವ್ಯವಸ್ಥೆ ಸರಿಯಾಗಿಯೇ ತಡೆದು ನಿಲ್ಲಿಸಿತು. ಹಳಿ ಖಾಲಿಯಿದೆ, ಯಂತ್ರವೇ ತಪ್ಪು ಹೇಳುತ್ತಿದೆ ಎಂದು ಭಾವಿಸಿದ ಸಿಬ್ಬಂದಿ ಆ ತಡೆಯನ್ನು ಮೀರಿ ಬೋಗಿಗಳನ್ನು ಬಿಟ್ಟರು. ಡಿಕ್ಕಿಯಲ್ಲಿ ಇಬ್ಬರು ಯುವತಿಯರು ಒಂದೊಂದು ಕಾಲು ಕಳೆದುಕೊಂಡರು. ಮರುವರ್ಷ ನ್ಯಾಯಾಲಯ ಕಂಪನಿಗೆ 50 ಲಕ್ಷ ಪೌಂಡ್ ದಂಡ ಹಾಕಿತು. ಅಂದು ಕರೆಂಟು ಹೋಗಿರಲಿಲ್ಲ, ಬ್ರೇಕು ಕೆಟ್ಟಿರಲಿಲ್ಲ, ಹಳಿ ಮುರಿದಿರಲಿಲ್ಲ. ನಿಂತ ಯಂತ್ರವನ್ನು ಮತ್ತೆ ಬಿಡುವ ಮುನ್ನ ಹಳಿಯ ಮೇಲಿರುವ ಬೋಗಿಸಾಲುಗಳನ್ನು ಒಂದೊಂದಾಗಿ ಎಣಿಸಿ ನೋಡುವ ಕೆಲಸ ಆಗಿರಲಿಲ್ಲ.