ನಿಯಾನ್‌ನ 21 ಅಟೋಸೆಕೆಂಡ್: ಒಂದು ಎಲೆಕ್ಟ್ರಾನ್ ಹೊರಟರೆ ಉಳಿದವು ಸುಮ್ಮನಿರುತ್ತವಾ?

ಫೋಟೊಎಲೆಕ್ಟ್ರಿಕ್ ಪರಿಣಾಮವನ್ನು ಪಿಯುಸಿಯಲ್ಲೇ ಓದಿರುತ್ತೇವೆ. ಫೋಟಾನ್ ಬಂತು, ಎಲೆಕ್ಟ್ರಾನ್ ಹೋಯಿತು, ಲೆಕ್ಕ ಮುಗಿಯಿತು. ಪರಮಾಣುವಿನಲ್ಲಿ ಉಳಿದ ಎಲೆಕ್ಟ್ರಾನ್‌ಗಳ ಸುದ್ದಿಯೇ ಅಲ್ಲಿ ಬರುವುದಿಲ್ಲ. ಅಟೋಸೆಕೆಂಡ್ ಪ್ರಯೋಗಗಳನ್ನು ಓದುವಾಗ ಮೊದಲು ಬಿಡಬೇಕಾದ ಚಿತ್ರ ಇದೇ. ಅದಕ್ಕೆ ನಿಯಾನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

2010ರಲ್ಲಿ ಜರ್ಮನಿಯ ಗಾರ್ಚಿಂಗ್‌ನಲ್ಲಿ ಫೆರೆನ್ಸ್ ಕ್ರೌಸ್ ಅವರ ತಂಡ ಸುಮಾರು 100 ಎಲೆಕ್ಟ್ರಾನ್ ವೋಲ್ಟ್ (ಮುಂದೆ ಇವಿ) ಫೋಟಾನ್‌ಗಳ ಪುಟ್ಟ ಪಲ್ಸನ್ನು ನಿಯಾನ್ ಮೇಲೆ ಹಾಯಿಸಿತು. ನಿಯಾನ್‌ನ ಹೊರಕವಚದ ಎಲೆಕ್ಟ್ರಾನ್‌ಗಳು 2ಎಸ್ ಮತ್ತು 2ಪಿ ಎಂಬ ಎರಡು ಉಪಮಟ್ಟಗಳಲ್ಲಿರುತ್ತವೆ. 2ಪಿ ಎಲೆಕ್ಟ್ರಾನ್‌ಗಳು 2ಎಸ್ ಎಲೆಕ್ಟ್ರಾನ್‌ಗಳಿಗಿಂತ 21 ಅಟೋಸೆಕೆಂಡ್ ತಡವಾಗಿ ಬಂದವು. ಅಳತೆಯ ಅನಿಶ್ಚಿತತೆ 5. ಒಂದು ಅಟೋಸೆಕೆಂಡ್ ಅಂದರೆ ಸೆಕೆಂಡಿನ ಕೋಟಿಯ ಕೋಟಿಯ ಹತ್ತು ಸಾವಿರದಲ್ಲಿ ಒಂದು ಪಾಲು. ಸಿದ್ಧಾಂತದ ಲೆಕ್ಕಗಳು ಮಾತ್ರ ಸುಮಾರು ಅರ್ಧ, ಕೆಲವು ಅದಕ್ಕೂ ಕಡಿಮೆ ತಡ ಕೊಡುತ್ತಿದ್ದವು. ಈ ಗಂಟು ಬಿಚ್ಚಲು ಏಳು ವರ್ಷ ಬೇಕಾಯಿತು.

200ರ ಪಲ್ಸ್‌ನಲ್ಲಿ 21 ಅಳೆಯುವುದು ಹೇಗೆ?

ಪಲ್ಸ್‌ನ ಉದ್ದವೇ ಸುಮಾರು 200 ಅಟೋಸೆಕೆಂಡ್. ಅದರ ಹತ್ತನೇ ಒಂದು ಭಾಗವನ್ನು ಅಳೆದೆವು ಅಂದರೆ ನಂಬುವುದು ಹೇಗೆ? ನನ್ನನ್ನು ತುಂಬ ಹೊತ್ತು ಹಿಡಿದು ನಿಲ್ಲಿಸಿದ್ದು ಇದೇ ಹಂತ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತೇನೆ.

ಅಟೋಸೆಕೆಂಡ್ ಪಲ್ಸ್ ಜೊತೆಗೆ ಒಂದು ಇನ್‌ಫ್ರಾರೆಡ್ ಲೇಸರ್ ಪಲ್ಸ್ ಕೂಡ ಬರುತ್ತದೆ. ಎಲೆಕ್ಟ್ರಾನ್ ಯಾವ ಕ್ಷಣದಲ್ಲಿ ಹೊರಬಿತ್ತೋ ಆ ಕ್ಷಣದ ಲೇಸರ್ ಕ್ಷೇತ್ರಕ್ಕೆ ತಕ್ಕಂತೆ ಅದರ ವೇಗ ಹೆಚ್ಚುತ್ತದೆ ಅಥವಾ ಇಳಿಯುತ್ತದೆ. ಎರಡು ಪಲ್ಸ್‌ಗಳ ನಡುವಿನ ಅಂತರವನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಹೋದರೆ ಎಲೆಕ್ಟ್ರಾನಿನ ಶಕ್ತಿ ಅಲೆಯ ಹಾಗೆ ಏರಿಳಿಯುತ್ತದೆ. 2ಎಸ್‌ಗೆ ಒಂದು ಅಲೆ, 2ಪಿಗೆ ಒಂದು ಅಲೆ. ಅಳೆಯುವುದು ಈ ಎರಡು ಅಲೆಗಳಲ್ಲಿ ಒಂದು ಇನ್ನೊಂದಕ್ಕಿಂತ ಎಷ್ಟು ಸರಿದಿದೆ ಎಂಬುದನ್ನು ಮಾತ್ರ. ಪಲ್ಸ್ ಯಾವಾಗ ಶುರುವಾಯಿತು ಎಂಬುದು ಬೇಕೇ ಇಲ್ಲ.

ಪಲ್ಸ್ 200 ಅಟೋಸೆಕೆಂಡ್ ಹರಡಿಕೊಂಡಿದ್ದರೆ ಎರಡೂ ಅಲೆಗಳು ಹೆಚ್ಚುಕಡಿಮೆ ಒಂದೇ ಥರ ಮಸುಕಾಗುತ್ತವೆ. ಮಸುಕಾದ ಗೆರೆಗೂ ನಡುಮಧ್ಯ ಇರುತ್ತದೆ ಅಲ್ವಾ? ಸಾಕಷ್ಟು ಎಲೆಕ್ಟ್ರಾನ್‌ಗಳನ್ನು ಎಣಿಸಿದರೆ ಆ ಮಧ್ಯವನ್ನು ಗೆರೆಯ ದಪ್ಪಕ್ಕಿಂತ ಎಷ್ಟೋ ನಿಖರವಾಗಿ ಗುರುತಿಸಬಹುದು. ಲೇಸರ್‌ನ ಒಂದು ಸುತ್ತು ಸುಮಾರು 2500 ಅಟೋಸೆಕೆಂಡ್. ಅದರಲ್ಲಿ 21 ಅಂದರೆ 360 ಡಿಗ್ರಿಯಲ್ಲಿ ಬರೀ 3 ಡಿಗ್ರಿ.

ಇನ್ನೊಂದು ಮಾತು ನೆನಪಿರಲಿ. ಒಂದೇ ಪರಮಾಣುವಿನಿಂದ ಎರಡೂ ಎಲೆಕ್ಟ್ರಾನ್ ಒಂದರ ಹಿಂದೆ ಒಂದು ಬರುತ್ತಿಲ್ಲ. ಅನಿಲದಲ್ಲಿ ಕೆಲವು ಪರಮಾಣುಗಳು 2ಎಸ್ ಕಳೆದುಕೊಳ್ಳುತ್ತವೆ, ಬೇರೆ ಕೆಲವು 2ಪಿ ಕಳೆದುಕೊಳ್ಳುತ್ತವೆ. ಹೋಲಿಕೆ ಈ ಎರಡು ಗುಂಪುಗಳ ನಡುವಿನದು.

‘ತಡ’ ಅಂದರೆ

ಎಲೆಕ್ಟ್ರಾನ್ ಒಳಗೆ ಕಾಯುತ್ತಾ ಕೂತಿತ್ತು ಎಂದಲ್ಲ. ಹೊರಹೋಗುವ ಅಲೆಯ ಹಂತ, ಅಂದರೆ ಫೇಸ್, ಶಕ್ತಿಯ ಜೊತೆ ಎಷ್ಟು ಬೇಗ ಬದಲಾಗುತ್ತದೆ ಎಂಬುದೇ ಈ ತಡ. ಇದನ್ನು ವಿಗ್ನರ್ ತಡ ಎನ್ನುತ್ತಾರೆ. ಫೇಸ್ ಬದಲಾಗುವ ಈ ದರವನ್ನು ಹೆಚ್-ಬಾರ್‌ನಿಂದ (ಪ್ಲಾಂಕ್ ಸ್ಥಿರಾಂಕವನ್ನು 2π ಇಂದ ಭಾಗಿಸಿದ್ದು) ಗುಣಿಸಿದರೆ ತಡ ಸಿಗುತ್ತದೆ. ಹೆಚ್-ಬಾರ್‌ನ ಬೆಲೆಯನ್ನು 658 ಇವಿ-ಅಟೋಸೆಕೆಂಡ್ ಎಂದು ಬಾಯಿಪಾಠ ಮಾಡಿಕೊಳ್ಳಿ, ತುಂಬ ಉಪಯೋಗಕ್ಕೆ ಬರುತ್ತದೆ. 21ನ್ನು 658ರಿಂದ ಭಾಗಿಸಿದರೆ ಪ್ರತಿ ಇವಿಗೆ 0.032 ರೇಡಿಯನ್. ಪ್ರಯೋಗದ ತಡದಲ್ಲಿ ಇದರ ಜೊತೆಗೆ ಲೇಸರ್ ಮತ್ತು ಅಯಾನಿನ ಸೆಳೆತ ಸೇರಿ ಕೊಡುವ ಇನ್ನೊಂದು ಪಾಲೂ ಇರುತ್ತದೆ.

ಉಳಿದ ಎಲೆಕ್ಟ್ರಾನ್‌ಗಳ ಕೈವಾಡ

2ಪಿ ಬಿಡಿಸಲು 21.6 ಇವಿ ಬೇಕು, 2ಎಸ್‌ಗೆ 48.5. ಫೋಟಾನ್ 106 ಇವಿ ಆದರೆ ಹೊರಬಂದವುಗಳ ಶಕ್ತಿ 84.4 ಮತ್ತು 57.5. ಎರಡೂ ದೂರ ದೂರ ಇವೆ. ಇಲ್ಲಿಯವರೆಗೆ ಒಂಟಿ ಎಲೆಕ್ಟ್ರಾನಿನ ಚಿತ್ರವೇ ಸಾಕು.

ಆದರೆ ಒಂದು 2ಪಿ ಎಲೆಕ್ಟ್ರಾನ್ ಹೊರಟಾಗ ಉಳಿದವುಗಳ ಮೇಲಿನ ಸೆಳೆತ ಒಮ್ಮೆಗೇ ಬದಲಾಗುತ್ತದೆ. ಅವು ಹೊಸ ಸ್ಥಿತಿಗೆ ಹೊಂದಿಕೊಳ್ಳುವಾಗ ಕೆಲವು ಸಲ ಇನ್ನೊಂದು 2ಪಿ ಎಲೆಕ್ಟ್ರಾನ್ ಮೇಲಿನ ಖಾಲಿ ಮಟ್ಟವಾದ 3ಪಿಗೆ ಏರಿಬಿಡುತ್ತದೆ. ಇದೇ ಶೇಕ್-ಅಪ್. ಆ ಏರಿಕೆಗೆ ಬೇಕಾದ ಶಕ್ತಿಯೂ ಅದೇ ಫೋಟಾನಿನಿಂದಲೇ ಬರಬೇಕು. ಹಾಗಾಗಿ ಹೊರಟ ಎಲೆಕ್ಟ್ರಾನಿಗೆ ಉಳಿಯುವುದು ಸುಮಾರು 50 ಇವಿ. ಅಂದರೆ 2ಎಸ್ ಎಲೆಕ್ಟ್ರಾನಿನ 57.5ಕ್ಕೆ ಬರೀ 7 ಇವಿ ಆಚೆ.

ಈಗ ಪಲ್ಸ್‌ನ ಕಡೆ ನೋಡಿ. ಗಾಸಿಯನ್, ಅಂದರೆ ಗಂಟೆಯಾಕಾರದ, ಪಲ್ಸ್‌ಗೆ ಅವಧಿ ಮತ್ತು ಶಕ್ತಿಯ ಹರಡುವಿಕೆ ಎರಡನ್ನೂ ಗುಣಿಸಿದರೆ 1825 ಇವಿ-ಅಟೋಸೆಕೆಂಡ್‌ಗಿಂತ ಕಡಿಮೆ ಬರುವುದಿಲ್ಲ. 1825ನ್ನು 200ರಿಂದ ಭಾಗಿಸಿದರೆ 9 ಇವಿ. ಪಲ್ಸೇ 9 ಇವಿ ಹರಡಿಕೊಂಡಿರುವಾಗ 7 ಇವಿ ಅಂತರದ ಎರಡು ಗುಂಪುಗಳನ್ನು ಬಿಡಿಸಿ ನೋಡಲು ಆಗುವುದಿಲ್ಲ. 2ಎಸ್ ಎಂದು ಓದಿದ ಅಲೆಯಲ್ಲಿ ಶೇಕ್-ಅಪ್ ಎಲೆಕ್ಟ್ರಾನ್‌ಗಳೂ ಸೇರಿಕೊಂಡಿದ್ದವು. ಅವುಗಳ ತಡವೇ ಬೇರೆ. ಸಮಯ ಚೆನ್ನಾಗಿ ಕಾಣಲಿ ಎಂದು ಪಲ್ಸನ್ನು ಚಿಕ್ಕದು ಮಾಡಿದಷ್ಟೂ ಶಕ್ತಿ ಮಸುಕಾಗುತ್ತದೆ. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲಿದೆ.

2017ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಆನ್ ಲುಲಿಯೆ ಅವರ ತಂಡ ಒಂಟಿ ಪಲ್ಸ್ ಬಿಟ್ಟು ಪಲ್ಸ್‌ಗಳ ಸರಣಿಯನ್ನು ಬಳಸಿತು. ಸರಣಿಯ ಶಕ್ತಿ ಬಾಚಣಿಗೆಯ ಹಲ್ಲುಗಳ ಹಾಗೆ ಸಣ್ಣ ಸಣ್ಣ ಗೆರೆಗಳಾಗಿ ಒಡೆಯುತ್ತದೆ. ಹಾಗಾಗಿ ಶೇಕ್-ಅಪ್ ಬೇರೆ, 2ಎಸ್ ಬೇರೆ ಎಂದು ಕಂಡಿತು. ಬೇರ್ಪಡಿಸಿ ಅಳೆದಾಗ ತಡ ಸಿದ್ಧಾಂತಕ್ಕೆ ಚೆನ್ನಾಗಿ ಹೊಂದಿತು. (ಕ್ರೌಸ್, ಲುಲಿಯೆ ಮತ್ತು ಪಿಯರ್ ಅಗೊಸ್ತಿನಿ ಅವರಿಗೆ 2023ರ ಭೌತಶಾಸ್ತ್ರದ ನೊಬೆಲ್ ಬಂತು.)

ಹೀಲಿಯಂ ಅನ್ನು ಇದರ ಪಕ್ಕದಲ್ಲೇ ಇಟ್ಟು ಓದಿ. ಅಲ್ಲಿ ಉಳಿಯುವುದು ಒಂದೇ ಎಲೆಕ್ಟ್ರಾನ್. ಅದು ಎರಡನೇ ಮಟ್ಟಕ್ಕೆ ಏರಲು 40.8 ಇವಿ ಬೇಕು. 9 ಇವಿ ಹರಡುವಿಕೆ ಇಲ್ಲಿ ಲೆಕ್ಕಕ್ಕೇ ಇಲ್ಲ, ಶೇಕ್-ಅಪ್ ತಾನಾಗಿಯೇ ಬೇರೆ ನಿಲ್ಲುತ್ತದೆ. ಗಾರ್ಚಿಂಗ್‌ನಲ್ಲಿ ಇದರ ತಡವನ್ನು ಒಂದು ಅಟೋಸೆಕೆಂಡಿಗಿಂತಲೂ ಸೂಕ್ಷ್ಮವಾಗಿ ಅಳೆದು 2016ರ ಕೊನೆಯಲ್ಲಿ ಪ್ರಕಟಿಸಿದರು. ಹೀಲಿಯಂ ಅಯಾನಿನಲ್ಲಿ 2ಎಸ್ ಮತ್ತು 2ಪಿ ಶಕ್ತಿಗಳು ಹೆಚ್ಚುಕಡಿಮೆ ಒಂದೇ. ಆದ್ದರಿಂದ ಆ ಮಟ್ಟದಲ್ಲಿರುವ ಎಲೆಕ್ಟ್ರಾನ್ ಮೋಡವನ್ನು ಲೇಸರ್ ಸುಲಭವಾಗಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಅದರ ಶಕ್ತಿ ಬದಲಾಗುತ್ತದೆ. ಅಷ್ಟು ಶಕ್ತಿಯ ವ್ಯತ್ಯಾಸ ಹೊರಟ ಎಲೆಕ್ಟ್ರಾನಿನ ಲೆಕ್ಕಕ್ಕೆ ಬೀಳುತ್ತದೆ, ಅದರ ತಡದಲ್ಲಿ ಕಾಣಿಸಿಕೊಳ್ಳುತ್ತದೆ.