ದಪ್ಪ ಬಟನ್ ಇದ್ದರೆ ಮಳೆಯಲ್ಲಿ ಹಿಡಿತ ಜಾಸ್ತಿ ಅಂತ ಯಾರು ಹೇಳಿದ್ದು?

ಮಳೆಗಾಲ ಹತ್ತಿರ ಬಂತೆಂದರೆ ಅಂಗಡಿಗೆ ಬರುವ ಎಸ್‌ಯುವಿಯವರದ್ದು ಹೆಚ್ಚುಕಮ್ಮಿ ಒಂದೇ ಬೇಡಿಕೆ. "ಅಣ್ಣಾ, ದಪ್ಪ ಬಟನ್ ಇರೋ ಟೈರ್ ಹಾಕಿಬಿಡಿ. ಮಳೆಯಲ್ಲಿ ಗಾಡಿ ಜಾರಬಾರದು."

ಮಳೆಯಲ್ಲಿ ಜಾರಬಾರದು ಅನ್ನುವುದು ಸರಿ. ಅದಕ್ಕೆ ದಪ್ಪ ಬಟನ್, ಅಂದರೆ ಟೈರಿನ ಮೇಲೆ ಎದ್ದು ನಿಂತಿರುವ ದೊಡ್ಡ ರಬ್ಬರ್ ಗಟ್ಟಿಗಳು, ಬೇಕು ಅನ್ನುವುದು ತಪ್ಪು. ಈ ಮಾತನ್ನು ದಿನಾ ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಅಂಗಡಿ ಇರುವುದು ಸಕಲೇಶಪುರದಲ್ಲಿ, ಬೆಂಗಳೂರು–ಮಂಗಳೂರು ಹೆದ್ದಾರಿಯ ಪಕ್ಕ. ಒಂದು ಕಡೆ ಹೈವೇ, ಇನ್ನೊಂದು ಕಡೆ ಕಾಫಿ ತೋಟದ ದಾರಿ, ಅದರಾಚೆ ಕಾಡು. ಎರಡೂ ಥರದ ರಸ್ತೆಯಲ್ಲಿ ಓಡಿದ ಟೈರುಗಳು ಇಲ್ಲಿಗೆ ಬರುತ್ತವೆ. ಬಿಚ್ಚಿ ಒಳಗೆ ನೋಡಿದರೆ ಗಾಡಿ ಎಲ್ಲೆಲ್ಲಿ ಓಡಿದೆ ಅಂತ ಸುಮಾರಾಗಿ ಗೊತ್ತಾಗುತ್ತದೆ. ದಪ್ಪ ಬಟನ್ನಿನ ಎಂಟಿ, ಅಂದರೆ ಮಡ್ ಟೆರೇನ್ ಅನ್ನುವ ಕೆಸರಿನ ಟೈರ್ ಹಾಕಿಸಿಕೊಂಡವರಲ್ಲಿ ಬಹುಪಾಲು ಜನರ ಟೈರುಗಳು ಕೆಸರನ್ನೇ ಕಂಡಿರುವುದಿಲ್ಲ. ಕಂಡಿರುವುದೆಲ್ಲ ಬರೀ ಟಾರು ಮತ್ತು ಕಾಂಕ್ರೀಟು.

ಲೆಕ್ಕ ಹಾಕಿ ನೋಡಿ. ಬೆಂಗಳೂರಿನಿಂದ ಇಲ್ಲಿಗೆ ಸುಮಾರು 220 ಕಿಲೋಮೀಟರ್. ಹೆದ್ದಾರಿ ಬಿಟ್ಟು ಹೋಂಸ್ಟೇಗೆ ಒಳಗೆ ತಿರುಗಿದ ಮೇಲೆ ಕೆಟ್ಟ ದಾರಿ ಎರಡೋ ಮೂರೋ ಕಿಲೋಮೀಟರ್. ಹೋಗಿಬರುವಾಗ 440 ಕಿಲೋಮೀಟರ್ ಟಾರು, ಆರು ಕಿಲೋಮೀಟರ್ ಕೆಸರು. ಆ ಆರು ಕಿಲೋಮೀಟರ್ ನೋಡಿ ಟೈರ್ ಆರಿಸುತ್ತಾರೆ. ಉಳಿದ 440ರಲ್ಲಿ ಗಂಟೆಗೆ 90–100ರ ವೇಗದಲ್ಲಿ, ಮಳೆ ನೀರಿನ ಮೇಲೆ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತೇವೆ ಅನ್ನುವುದು ಆ ಹೊತ್ತಿಗೆ ನೆನಪಿರುವುದಿಲ್ಲ.

ಈಗ ಬಟನ್ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎರಡು ಟನ್ ತೂಕದ ಗಾಡಿ ನೆಲ ಮುಟ್ಟುವುದು ನಾಲ್ಕು ಸಣ್ಣ ಜಾಗದಲ್ಲಿ. ಬ್ರೇಕು, ತಿರುವು, ಎಳೆತ ಎಲ್ಲ ಅಲ್ಲೇ ಆಗಬೇಕು. ಕೆಸರಿನಲ್ಲಿ ಏನಾಗುತ್ತದೆ ಅಂದರೆ ಬಟನ್‌ಗಳು ಮಣ್ಣಿನೊಳಗೆ ಇಳಿಯುತ್ತವೆ, ನಡುವಿನ ಖಾಲಿ ಜಾಗದಲ್ಲಿ ಮಣ್ಣು ತುಂಬಿಕೊಳ್ಳುತ್ತದೆ, ಚಕ್ರ ತಿರುಗಿದಾಗ ಆ ಮಣ್ಣನ್ನು ಹಿಂದಕ್ಕೆ ತಳ್ಳಿ ಗಾಡಿ ಮುಂದೆ ಹೋಗುತ್ತದೆ, ತುಂಬಿದ ಮಣ್ಣು ಹೊರಗೆ ಸಿಡಿದು ಮತ್ತೆ ಜಾಗ ಖಾಲಿಯಾಗುತ್ತದೆ. ಅಲ್ಲಿ ಆ ಖಾಲಿ ಜಾಗ ಬೇಕೇ ಬೇಕು. ಅದೇ ಟೈರು ಒದ್ದೆ ಟಾರಿನ ಮೇಲೆ ಬಂದಾಗ ಬಟನ್ ಇಳಿಯುವುದಕ್ಕೆ ಮೆತ್ತಗಿನ ನೆಲ ಇಲ್ಲ. ನೆಲ ಮುಟ್ಟುವ ರಬ್ಬರ್ ಮಾತ್ರ ಕೆಲಸ ಮಾಡುತ್ತದೆ. ಎಂಟಿಯಲ್ಲಿ ಆ ರಬ್ಬರೇ ಕಡಿಮೆ, ಏಕೆಂದರೆ ಜಾಗದ ದೊಡ್ಡ ಪಾಲನ್ನು ಖಾಲಿ ಬಿಟ್ಟಿದ್ದಾರೆ.

"ಆದ್ರೆ ಅಣ್ಣ, ಅಷ್ಟು ದೊಡ್ಡ ಗ್ರೂವ್ ಇದ್ರೆ ನೀರು ಬೇಗ ಹೊರಗೆ ಹೋಗುತ್ತಲ್ವಾ?" ಟ್ರೆಡ್, ಅಂದರೆ ಟೈರ್ ನೆಲ ಮುಟ್ಟುವ ಭಾಗ, ಅದರ ನಡುವಿನ ಕಾಲುವೆಗೆ ಗ್ರೂವ್ ಅಂತಾರೆ. ಈ ಪ್ರಶ್ನೆ ಕೇಳುವವರು ನಿಜಕ್ಕೂ ಯೋಚನೆ ಮಾಡಿದವರು. ಹೌದು, ನಿಂತ ನೀರು ಹೊರಗೆ ಹೋಗುತ್ತದೆ. ಆದರೆ ಆ ನೀರು ಹೋದ ಮೇಲೂ ರಸ್ತೆಗೆ ಅಂಟಿಕೊಂಡು ತೆಳ್ಳಗೆ ಒಂದು ಪದರ ಉಳಿದಿರುತ್ತದೆ. ಮಾಮೂಲಿ ಹೈವೇ ಟೈರನ್ನು ಹತ್ತಿರದಿಂದ ನೋಡಿ, ಪ್ರತಿ ಬಟನ್ ಮೇಲೂ ಬ್ಲೇಡಿನಲ್ಲಿ ಗೀರಿದ ಹಾಗೆ ಸಣ್ಣ ಸಣ್ಣ ಸೀಳುಗಳಿರುತ್ತವೆ. ಸೈಪ್ ಅಂತಾರೆ. ನೆಲ ಒರೆಸುವ ವೈಪರಿನ ರಬ್ಬರ್ ಅಂಚು ನೀರನ್ನು ಎಳೆದು ಒಣಗಿಸುವ ಹಾಗೆ ಈ ಸೀಳುಗಳ ಅಂಚು ಆ ತೆಳು ಪದರವನ್ನು ಒರೆಸಿ ರಬ್ಬರಿಗೆ ಒಣ ನೆಲ ಸಿಗುವಂತೆ ಮಾಡುತ್ತದೆ. ಎಂಟಿಯಲ್ಲಿ ಸೈಪ್ ತೀರಾ ಕಡಿಮೆ. ಕಲ್ಲು ತಾಗಿದಾಗ ರಬ್ಬರ್ ಕಿತ್ತು ಬರಬಾರದು ಅಂತ ಹಾಗೆ ಮಾಡಿರುತ್ತಾರೆ. ರಬ್ಬರೂ ಸಾಮಾನ್ಯವಾಗಿ ಗಟ್ಟಿ. ಜೊತೆಗೆ ಬಟನ್ ಎತ್ತರ ಜಾಸ್ತಿ ಇರುವುದರಿಂದ ಜೋರಾಗಿ ಬ್ರೇಕ್ ಹಾಕಿದಾಗ ಅದು ಬಾಗುತ್ತದೆ, ಸ್ಟೇರಿಂಗ್ ತಿರುಗಿಸಿದಾಗ ಗಾಡಿ ಅರ್ಧ ಕ್ಷಣ ತಡವಾಗಿ ತಿರುಗಿದ ಹಾಗೆ ಅನ್ನಿಸುತ್ತದೆ.

ಹಾಗಾಗಿ ಒದ್ದೆ ರಸ್ತೆಯಲ್ಲಿ ಎಂಟಿ ಹಾಕಿದ ಗಾಡಿ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ. ಶಿರಾಡಿ ಘಾಟಿಯಲ್ಲಿ ಮಾರನಹಳ್ಳಿ ದಾಟಿ ಗುಂಡ್ಯದ ಕಡೆ ಇಳಿಯುವಾಗ ಮುಂದೆ ಟ್ಯಾಂಕರ್, ಹಿಂದೆ ಬಸ್ಸು, ತಿರುವಿನಲ್ಲಿ ಯಾವುದೋ ಲಾರಿ ಚೆಲ್ಲಿದ ಡೀಸೆಲ್. ಅಲ್ಲಿ ಆ ಹೆಚ್ಚಿನ ದೂರ ಸಿಗುವುದಿಲ್ಲ.

ಎಲ್ಲ ಕಂಪನಿಯ ಎಲ್ಲ ಟೈರೂ ಒಂದೇ ಅಂತ ನಾನು ಹೇಳುತ್ತಿಲ್ಲ. ಒಂದು ಕಂಪನಿಯ ಎಟಿ (ಆಲ್ ಟೆರೇನ್, ಟಾರಿಗೂ ಕೆಟ್ಟ ದಾರಿಗೂ ಆಗುವ ಟೈರ್) ಇನ್ನೊಂದರ ಎಚ್‌ಟಿಗಿಂತ (ಹೈವೇ ಟೆರೇನ್, ಮಾಮೂಲಿ ಹೈವೇ ಟೈರ್) ಮಳೆಯಲ್ಲಿ ಚೆನ್ನಾಗಿ ಹಿಡಿಯಬಹುದು, ಹೊಸ ಎಟಿಗಳಲ್ಲಿ ಸೈಪ್ ಧಾರಾಳವಾಗಿ ಕೊಡುತ್ತಿದ್ದಾರೆ. ಹೆಸರು ನೋಡಬೇಡಿ, ಬೆರಳಿಟ್ಟು ಸೈಪ್ ನೋಡಿ. ಅದು ಬಟನ್ನಿನ ತಳದವರೆಗೆ ಇದೆಯೋ ಮೇಲೆ ಮೇಲೆ ಮಾತ್ರ ಇದೆಯೋ ನೋಡಿ. ಮೇಲೆ ಮಾತ್ರ ಇದ್ದರೆ ಅರ್ಧ ಸವೆಯುವಷ್ಟರಲ್ಲಿ ಮಾಯ.

ಹಾಗಾದರೆ ಯಾರಿಗೆ ಯಾವುದು? ಕ್ರೆಟಾ, ಎಕ್ಸ್‌ಯುವಿ 700, ಹ್ಯಾರಿಯರ್ ಥರದ ಗಾಡಿ ಇಟ್ಟುಕೊಂಡು ಬಹುಪಾಲು ಹೈವೇ ಓಡಿಸಿ, ಆಗಾಗ ಚಿಕ್ಕಮಗಳೂರು, ಆಗುಂಬೆ, ದಾಂಡೇಲಿ ಕಡೆ ಹೋಗುವವರಿಗೆ ಒಳ್ಳೆಯ ಎಚ್‌ಟಿ ಸಾಕು. ಬಂಡೀಪುರದಂಥ ಕಡೆ ಕಾಡಿನ ರಸ್ತೆ ಅಂದರೂ ಅದು ಟಾರು ರಸ್ತೆಯೇ. ತೋಟದಲ್ಲೇ ಮನೆ ಇರುವವರು, ದಿನಾ ಜಲ್ಲಿ ಎದ್ದ ದಾರಿಯಲ್ಲಿ ಓಡಾಡುವವರು, ವಾರಕ್ಕೊಮ್ಮೆ ಹಾಸನಕ್ಕೋ ಮಂಗಳೂರಿಗೋ ಹೋಗುವವರು ಎಟಿ ಹಾಕಿಸಿಕೊಳ್ಳಿ. ಥಾರ್‌ನ 18 ಇಂಚಿನ ಮಾಡೆಲ್‌ಗಳಿಗೆ ಕಂಪನಿಯೇ ಎಟಿ ಹಾಕಿ ಕೊಡುತ್ತದೆ, ಅದನ್ನು ತೆಗೆದು ಎಂಟಿ ಹಾಕಿಸಲು ಬರುವವರಿಗೆ ನಾನು ಮೊದಲು ಟೀ ಕುಡಿಸಿ ಕೂರಿಸುತ್ತೇನೆ. ಎಂಟಿ ನಿಜಕ್ಕೂ ಬೇಕಾದವರೂ ಇದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೇಡಿಮಣ್ಣಿನ ಏರು ಹತ್ತಿ ಆಳುಗಳನ್ನು, ಗೊಬ್ಬರವನ್ನು ಸಾಗಿಸುವವರು. ಅವರ ಗಾಡಿ 60 ದಾಟಿ ಓಡುವುದೇ ಅಪರೂಪ.

ನಮ್ಮ ಹಳೇ ಜೀಪುಗಳನ್ನು ನೋಡಿ. 6.00-16 ಟೈರು, ಇವತ್ತಿನವರ ಕಣ್ಣಿಗೆ ತೆಳ್ಳಗೆ ಕಾಣುತ್ತದೆ. ಆದರೆ ತೆಳ್ಳಗಿರುವುದರಿಂದಲೇ ಮೇಲಿನ ರಾಡಿಯನ್ನು ಕೊಯ್ದುಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಅಗಲ ಟೈರು ಅದೇ ರಾಡಿಯ ಮೇಲೆ ತೇಲುತ್ತದೆ. ಮರಳಲ್ಲಿ ತೇಲುವುದು ಒಳ್ಳೆಯದು, ಮಲೆನಾಡಿನ ದಾರಿಯಲ್ಲಿ ಬಹಳ ಸಲ ಅಲ್ಲ.

ಹೋದ ಮಳೆಗಾಲದಲ್ಲಿ ಒಂದು ತೋಟದಿಂದ ಫೋನ್ ಬಂತು, ಗಾಡಿ ಏರು ಹತ್ತುತ್ತಿಲ್ಲ, ಬಂದು ನೋಡಿ ಅಂತ. ಹೊಸ ಎಂಟಿ ಹಾಕಿದ ದೊಡ್ಡ ಗಾಡಿ, ಪ್ರವಾಸಕ್ಕೆ ಬಂದ ನಾಲ್ಕು ಹುಡುಗರು. ಏರು ಇದ್ದದ್ದು ಕೆಸರಲ್ಲ, ಕಾಂಕ್ರೀಟು. ತೋಟಗಳಲ್ಲಿ ಕಡಿದಾದ ಜಾಗಕ್ಕೆ ಚಕ್ರದ ಅಗಲಕ್ಕೆ ಎರಡು ಕಾಂಕ್ರೀಟ್ ಪಟ್ಟಿ ಹಾಕಿರುತ್ತಾರಲ್ಲ, ಅದು. ಸಿಲ್ವರ್ ಓಕ್ ನೆರಳಲ್ಲಿ ಬಿಸಿಲೇ ಬೀಳದೆ ಪಟ್ಟಿಯ ಮೇಲೆ ಹಸಿರು ಪಾಚಿ ದಪ್ಪಗೆ ಕಟ್ಟಿತ್ತು. ಚಕ್ರ ಅಲ್ಲೇ ಗಿರ್ರನೆ ತಿರುಗುತ್ತಿತ್ತು. ಗಾಳಿ ನೋಡಿದರೆ 40 ಪಿಎಸ್‌ಐ! "ಸಾರ್, ಹೈವೇಲಿ ಮೈಲೇಜ್ ಬರ್ಲಿ ಅಂತ ಹಾಕ್ಸಿದ್ವಿ" ಅಂದರು. ತೋಟದ ಮೇಸ್ತ್ರಿ ಪಾಚಿಯ ಮೇಲೆ ಬ್ಲೀಚಿಂಗ್ ಪುಡಿ ಹಾಕಿ ಹಿಡಿಸೂಡಿಯಲ್ಲಿ ಉಜ್ಜಿದ, ನಾನು ಗಾಳಿಯನ್ನು 25ಕ್ಕೆ ಇಳಿಸಿದೆ, ಗಾಡಿ ಹತ್ತಿತು. ಒಳ್ಳೆಯ ಹುಡುಗರು, ಮೇಸ್ತ್ರಿಯ ಕೈಯಿಂದ ಪೊರಕೆ ತೆಗೆದುಕೊಂಡು ಉಳಿದ ಪಟ್ಟಿಯನ್ನೂ ಉಜ್ಜಿಕೊಟ್ಟರು.

ಕೆಟ್ಟ ದಾರಿಯಲ್ಲಿ ಟೈರಿನ ಜಾತಿಗಿಂತ ಗಾಳಿಯೇ ಮುಖ್ಯ ಅಂತ ನಾನು ಹೇಳುವುದು ಇದಕ್ಕೇ. ಹೈವೇಗೆ ಡ್ರೈವರ್ ಬಾಗಿಲ ಕಂಬದಲ್ಲಿ ಅಂಟಿಸಿರುವ ಚೀಟಿಯ ಲೆಕ್ಕ. ಬೆಳಿಗ್ಗೆ, ಟೈರ್ ತಣ್ಣಗಿರುವಾಗ ನೋಡಿ. ಓಡಿ ಬಿಸಿಯಾದ ಮೇಲೆ ನಾಲ್ಕೈದು ಪಿಎಸ್‌ಐ ಏರುವುದು ಮಾಮೂಲು, ಜಾಸ್ತಿ ಆಯ್ತು ಅಂತ ಬಿಡಬೇಡಿ. ಕಲ್ಲು ಕೆಸರಿನ ದಾರಿ ಬಂದಾಗ 24–25ಕ್ಕೆ ಇಳಿಸಿದರೆ ಟೈರ್ ನೆಲಕ್ಕೆ ಹೆಚ್ಚು ಹರಡಿಕೊಂಡು ಹಿಡಿಯುತ್ತದೆ, ಕಲ್ಲಿನ ಚೂಪು ತುದಿಗೆ ಸ್ವಲ್ಪ ಬಾಗುತ್ತದೆ. ಆಗ 30 ಕಿಲೋಮೀಟರ್ ವೇಗ ಮೀರಬೇಡಿ, ಜೋರಾಗಿ ತಿರುಗಿಸಬೇಡಿ. ಟಾರು ಸಿಕ್ಕಿದ ಕೂಡಲೇ ಮತ್ತೆ ತುಂಬಿ. ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕುವ ಸಣ್ಣ ಪಂಪ್ ಜೊತೆಯಲ್ಲಿ ಇಲ್ಲದಿದ್ದರೆ ಇಳಿಸಲೇ ಬೇಡಿ, ಏಕೆಂದರೆ ಕಡಿಮೆ ಗಾಳಿಯಲ್ಲಿ ಹೈವೇ ಓಡಿಸಿದರೆ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಬಿಸಿಯಾಗಿ ಟೈರೇ ಸಿಡಿಯಬಹುದು. ಗಾಡಿಯ ತೂಕ, ಎಷ್ಟು ಜನ, ಎಷ್ಟು ಸಾಮಾನು ಅನ್ನುವುದರ ಮೇಲೆ ಈ ಲೆಕ್ಕ ಹೆಚ್ಚುಕಡಿಮೆ ಆಗುತ್ತದೆ.

ಸದ್ದಿನ ವಿಷಯವನ್ನೂ ಹೇಳಿಬಿಡುತ್ತೇನೆ. ಎಟಿ, ಎಂಟಿ ಹಾಕಿಸಿಕೊಂಡು ಹೋದವರಲ್ಲಿ ಎಷ್ಟೋ ಜನ ಆರೆಂಟು ತಿಂಗಳಿಗೆ ವಾಪಸ್ ಬರುತ್ತಾರೆ. "ಅಣ್ಣ, ವೀಲ್ ಬೇರಿಂಗ್ ಹೋಗಿದೆ, ಗುಂಯ್ ಅಂತಿದೆ." ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ, ಇನ್ನೊಂದು ಕೈಯಿಂದ ಸ್ಪ್ರಿಂಗ್ ಹಿಡಿದರೆ ಬೇರಿಂಗ್ ಹೋಗಿದ್ದರೆ ಗರಗರ ಅನ್ನುವುದು ಕೈಗೆ ಬರುತ್ತದೆ. ಬಹಳ ಸಲ ಏನೂ ಇರುವುದಿಲ್ಲ. ಆಗ ಟ್ರೆಡ್ ಮೇಲೆ ಅಂಗೈ ಸವರಿ ನೋಡಿ. ಒಂದು ಕಡೆಗೆ ಸವರಿದರೆ ನುಣುಪು, ತಿರುಗಿಸಿ ಸವರಿದರೆ ಪ್ರತಿ ಬಟನ್ನಿನ ಅಂಚೂ ಗರಗಸದ ಹಾಗೆ ಕೈಗೆ ಸಿಗುತ್ತದೆ. ಬಟನ್ ಒಂದು ತುದಿಯಲ್ಲಿ ಜಾಸ್ತಿ ಸವೆದಿರುತ್ತದೆ, ಸದ್ದು ಅಲ್ಲಿಂದ. 8–10 ಸಾವಿರ ಕಿಲೋಮೀಟರಿಗೆ ಒಮ್ಮೆ ಹಿಂದಿನದು ಮುಂದೆ, ಮುಂದಿನದು ಹಿಂದೆ ಹಾಕಿಸುತ್ತಿದ್ದರೆ ಇದು ತಡವಾಗಿ ಬರುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಜನ ಯಾಕೆ ಬರುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ಸೈಜ್ ದೊಡ್ಡದು ಮಾಡುವ ಆಸೆಯೂ ಇದೆ. 235/65 ಆರ್17 ಇದ್ದ ಜಾಗಕ್ಕೆ 265/65 ಆರ್17 ಹಾಕಿದರೆ ಟೈರಿನ ಒಟ್ಟು ಎತ್ತರ 737 ಮಿಲಿಮೀಟರಿನಿಂದ 776ಕ್ಕೆ ಏರುತ್ತದೆ. ಮೀಟರ್ 100 ತೋರಿಸುವಾಗ ಗಾಡಿ ಮೊದಲಿಗಿಂತ ನೂರಕ್ಕೆ ಐದರಷ್ಟು ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ, ಎಂಜಿನ್ನಿಗೂ ಬ್ರೇಕಿಗೂ ಹೊರೆ, ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜಲೂಬಹುದು. ರಿಮ್ ದೊಡ್ಡದು ಮಾಡಿ ಸೈಡ್‌ವಾಲ್ ಸಣ್ಣದು ಮಾಡುವವರಿಗಂತೂ ಕಾಡಿನ ದಾರಿ ಬೇಡವೇ ಬೇಡ, ಒಂದೇ ಗುಂಡಿಗೆ ಅಲಾಯ್ ಬಾಗಬಹುದು. ಸೈಜ್ ಏನೇ ಇರಲಿ, ಲೋಡ್ ಇಂಡೆಕ್ಸ್, ಅಂದರೆ ಟೈರ್ ಎಷ್ಟು ತೂಕ ಹೊರಬಲ್ಲದು ಅನ್ನುವ ಅಂಕಿ, ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಆಗಬಾರದು. 104 ಅಂದರೆ ಒಂದು ಟೈರಿಗೆ 900 ಕಿಲೋ, 100 ಅಂದರೆ 800. ಸೈಡ್‌ವಾಲ್ ಮೇಲಿರುವ ನಾಲ್ಕು ಅಂಕಿಯ ತಯಾರಿಕೆಯ ತಾರೀಖನ್ನೂ ಓದಿ. 2324 ಅಂತ ಇದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು.

ಇನ್ನೊಂದು ಮಾತು, ಇದು ತೋಟದವರ ಪರವಾಗಿ. ಮಳೆಯಲ್ಲಿ ನೆನೆದ ಮಣ್ಣಿನ ದಾರಿಯಲ್ಲಿ ಎಂಟಿ ಹಾಕಿ ಆಕ್ಸಿಲರೇಟರ್ ಒತ್ತಿ ಹತ್ತಿದರೆ ಬಟನ್‌ಗಳು ನೆಲವನ್ನು ಅಗೆಯುತ್ತವೆ. ನೀವು ಹತ್ತಿ ಹೋಗುತ್ತೀರಿ. ಆ ರಾತ್ರಿಯ ಮಳೆಗೆ ನೀವು ಬಿಟ್ಟ ಗೀರಿನಲ್ಲೇ ನೀರು ಹರಿದು ಬೆಳಗಾಗುವಷ್ಟರಲ್ಲಿ ಅದು ಚರಂಡಿಯಾಗಿರುತ್ತದೆ. ಆ ದಾರಿಯಲ್ಲಿ ಮಕ್ಕಳು ಶಾಲೆಗೆ ಹೋಗಬೇಕು, ಹಾಲಿನವನ ಸ್ಕೂಟರ್ ಬರಬೇಕು. ದಾರಿಗೆ ಜಲ್ಲಿ ಹಾಕಿಸುವುದು ಅಲ್ಲಿಯ ನಾಲ್ಕು ಮನೆಯವರು ಸೇರಿ, ಕೈಯಿಂದ ದುಡ್ಡು ಹಾಕಿ. ಮೀಸಲು ಅರಣ್ಯದಲ್ಲಿ ದಾರಿ ಬಿಟ್ಟು ಗಾಡಿ ಇಳಿಸುವುದಂತೂ ಕಾನೂನಿಗೇ ವಿರುದ್ಧ, ಯಾವ ಟೈರ್ ಇದ್ದರೂ.

ಸ್ಟೆಪ್ನಿಯನ್ನು ಮರೆಯಬೇಡಿ. ಈಗಿನ ಎಷ್ಟೋ ಎಸ್‌ಯುವಿಗಳಲ್ಲಿ ಸ್ಟೆಪ್ನಿ ಉಳಿದ ನಾಲ್ಕಕ್ಕಿಂತ ಸಣ್ಣದು, ಅದರ ಮೇಲೆ ಗಂಟೆಗೆ 80 ಕಿಲೋಮೀಟರ್ ವೇಗ ದಾಟಬೇಡಿ ಅಂತ ಬರೆದಿರುತ್ತದೆ. ಅಂಥದ್ದನ್ನು ಹಾಕಿಕೊಂಡು ಕಲ್ಲಿನ ದಾರಿಯಲ್ಲಿ ದೂರ ಹೋಗಲಾಗುವುದಿಲ್ಲ. ಕಾಡಿನ ಕಡೆ ಹೆಚ್ಚು ಹೋಗುವವರು ಜಾಗ ಹಿಡಿಸಿದರೆ ಅದೇ ಸೈಜಿನ ಐದನೇ ಟೈರ್ ಇಟ್ಟುಕೊಳ್ಳಿ, ಗಾಳಿ ತಿಂಗಳಿಗೊಮ್ಮೆ ನೋಡಿಸಿ. ಪಂಚರ್ ಕಿಟ್ ಟ್ರೆಡ್ಡಿನ ತೂತಿಗೆ ಮಾತ್ರ, ಸೈಡ್‌ವಾಲ್ ಸೀಳಿದರೆ ಅದರಿಂದ ಏನೂ ಆಗುವುದಿಲ್ಲ. ಜಾಕ್ ಜೊತೆಗೆ ಒಂದಡಿ ಉದ್ದದ ದಪ್ಪ ಹಲಗೆಯನ್ನೂ ಹಾಕಿಕೊಳ್ಳಿ, ಮಳೆಗಾಲದ ಮಣ್ಣಿನಲ್ಲಿ ಹಲಗೆ ಇಲ್ಲದೆ ಜಾಕ್ ಕೊಟ್ಟರೆ ಗಾಡಿ ಮೇಲೆ ಏಳುವ ಬದಲು ಜಾಕೇ ಒಳಗೆ ಹೋಗುತ್ತದೆ.